ತಂತಿಗೆ ಹೆದರದೆ ಕಟ್ಟಿದ ಎಸ್.ಇ.5ಎ

ವಿಮಾನದ ಪ್ಲಾಸ್ಟಿಕ್ ಮಾಡೆಲ್ ಕಟ್ಟುವ ಗೆಳೆಯರಲ್ಲಿ ತುಂಬ ಜನ ಬೈಪ್ಲೇನ್, ಅಂದರೆ ಒಂದರ ಮೇಲೊಂದು ರೆಕ್ಕೆಯಿರುವ ವಿಮಾನದ ಕಿಟ್ ಮುಟ್ಟುವುದೇ ಇಲ್ಲ. ಸ್ಪಿಟ್‌ಫೈರ್, ಮಿಗ್, ಸುಖೋಯ್ ಎಲ್ಲ ಕಟ್ಟಿ ಕಪಾಟು ತುಂಬಿಸಿರುತ್ತಾರೆ. ಎರಡು ರೆಕ್ಕೆಯ ವಿಮಾನದ ಮಾತು ಬಂದರೆ ಸಾಕು, "ಆ ತಂತಿ ಕೆಲಸ ಯಾರಿಗೆ ಬೇಕಪ್ಪ" ಅಂತಾರೆ. ಮೇಲಿನ ಕೆಳಗಿನ ರೆಕ್ಕೆಗಳ ನಡುವೆ ಬಿಗಿಯುವ ತಂತಿಗಳ ಮಾತು ಅದು. ನನ್ನ ಅನುಭವ ಬೇರೆ. ತಂತಿ ಕಟ್ಟುವುದಕ್ಕೆ ಬೇಕಾದದ್ದು ತಾಳ್ಮೆ ಅಷ್ಟೇ. ತಲೆ ಓಡಿಸಬೇಕಾದದ್ದು ಅದಕ್ಕೂ ಮೊದಲು: ಯಾವ ಕೆಲಸ ಮುಂಚೆ, ಯಾವುದು ಆಮೇಲೆ ಅಂತ ತೀರ್ಮಾನ ಮಾಡುವಾಗ. ಮೇಲಿನ ರೆಕ್ಕೆ ಕೂತ ಮೇಲೆ ಒಳಗೆ ಕೈ ಹೋಗುವುದಿಲ್ಲ. ಹಾಗಾಗಿ ಅದು ಕೂರುವ ಮೊದಲೇ ಮುಕ್ಕಾಲು ಪಾಲು ಕೆಲಸ ಮುಗಿದಿರಬೇಕು.

ನಾನು ಆರಿಸಿಕೊಂಡದ್ದು ಬ್ರಿಟನ್ನಿನ ಎಸ್.ಇ.5ಎ. ಮೊದಲನೇ ಮಹಾಯುದ್ಧದ ಫೈಟರ್ ಇದು. ಫಾರ್ನ್‌ಬರೋದ ರಾಯಲ್ ಏರ್‌ಕ್ರಾಫ್ಟ್ ಫ್ಯಾಕ್ಟರಿಯಲ್ಲಿ ವಿನ್ಯಾಸವಾಯಿತು. ಇದರ ಮೂಲ ರೂಪವಾದ ಎಸ್.ಇ.5ರ ಮೊದಲ ಹಾರಾಟ 1916ರ ನವೆಂಬರಿನಲ್ಲಿ. ಇದನ್ನೇ ಆರಿಸಲು ಒಂದು ಕಾರಣ ಇಂದ್ರ ಲಾಲ್ ರಾಯ್. 1898ರಲ್ಲಿ ಕೋಲ್ಕತ್ತಾದಲ್ಲಿ ಹುಟ್ಟಿ ಲಂಡನ್ನಿನಲ್ಲಿ ಓದಿದ ಹುಡುಗ. ಫ್ರಾನ್ಸಿನಲ್ಲಿ 40ನೇ ಸ್ಕ್ವಾಡ್ರನ್ ಪರವಾಗಿ ಎಸ್.ಇ.5ಎ ಹಾರಿಸುತ್ತಿದ್ದರು. 1918ರ ಜುಲೈನಲ್ಲಿ ಎರಡು ವಾರದೊಳಗೆ ಆಕಾಶದ ಕಾದಾಟದಲ್ಲಿ 10 ಗೆಲುವು ಅವರ ಹೆಸರಿಗೆ ಸೇರಿದವು. ಜುಲೈ 22ರಂದು ಕಾರ್ವಾ ಊರಿನ ಮೇಲೆ ಜರ್ಮನ್ನರ ಫೋಕರ್ ಡಿ.7 ವಿಮಾನಗಳ ಜೊತೆ ಕಾದಾಡುತ್ತ ತೀರಿಕೊಂಡರು. ವಯಸ್ಸು ಇನ್ನೂ 19. ಡಿ.ಎಫ್.ಸಿ. (ಡಿಸ್ಟಿಂಗ್ವಿಶ್ಡ್ ಫ್ಲೈಯಿಂಗ್ ಕ್ರಾಸ್) ಪದಕ ಸಿಕ್ಕಿದ್ದು ಆಮೇಲೆ. 1998ರಲ್ಲಿ ನಮ್ಮ ಅಂಚೆ ಇಲಾಖೆ ಅವರ ನೆನಪಿಗೆ ಅಂಚೆಚೀಟಿ ತಂದಿತ್ತು.

ಇನ್ನೊಂದು ಕಾರಣ ಪಕ್ಕಾ ವ್ಯಾವಹಾರಿಕ. ಎಸ್.ಇ.5ಎ ರೆಕ್ಕೆಗಳ ನಡುವೆ ಎಡಕ್ಕೆ ಒಂದು ಜೊತೆ, ಬಲಕ್ಕೆ ಒಂದು ಜೊತೆ ಕಂಬ ಮಾತ್ರ. ಈ ಕಂಬಗಳಿಗೆ ಸ್ಟ್ರಟ್ ಅಂತೀವಿ. ಫೇರಿ ಸ್ವೋರ್ಡ್‌ಫಿಶ್ ತರಹದ ದೊಡ್ಡ ವಿಮಾನಕ್ಕೆ ಒಂದೊಂದು ಕಡೆ ಎರಡೆರಡು ಜೊತೆ ಇರುತ್ತವೆ. ಅಂದರೆ ತಂತಿಯೂ ದುಪ್ಪಟ್ಟು. ಮೊದಲ ಬೈಪ್ಲೇನ್‌ಗೆ ಅದು ಬೇಡ.

ಕಿಟ್ ಚೆಕ್ ದೇಶದ ಎಡುವಾರ್ಡ್ ಕಂಪನಿಯದು, 1/48 ಅಳತೆ. ನಿಜವಾದ ವಿಮಾನದ ರೆಕ್ಕೆ ತುದಿಯಿಂದ ತುದಿಗೆ 8.11 ಮೀಟರ್. ಮಾಡೆಲ್‌ನಲ್ಲಿ ಅದು 17 ಸೆಂಟಿಮೀಟರ್ ಹತ್ತಿರ ಬರುತ್ತದೆ. ಅಂಗೈ ಮೇಲೆ ಕೂರುತ್ತದೆ. 1/72 ಇನ್ನೂ ಅಗ್ಗ, ಜಾಗವೂ ಕಡಿಮೆ ಸಾಕು. ಆದರೆ ಅಷ್ಟು ಸಣ್ಣದರಲ್ಲಿ ತಂತಿಗೆ ತೂತು ಕೊರೆಯಲು ನನ್ನ ಕಣ್ಣು ಒಪ್ಪುವುದಿಲ್ಲ.

ಕಾಕ್‌ಪಿಟ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಎಷ್ಟೇ ಚೆನ್ನಾಗಿ ಮಾಡಿದರೂ ಕೊನೆಗೆ ಕಾಣುವುದು ಸೀಟಿನ ಬೆನ್ನು ಮತ್ತು ಬೆಲ್ಟ್. ಪ್ಲೈವುಡ್ ಬಣ್ಣಕ್ಕೆ ಒಂದು ಉಪಾಯ ಮಾತ್ರ ಹೇಳುತ್ತೇನೆ. ಮೊದಲು ತಿಳಿ ಕಂದು ಅಕ್ರಿಲಿಕ್ ಹಚ್ಚಿ ಪೂರ್ತಿ ಒಣಗಿಸಿ. ಆಮೇಲೆ ಕಲಾವಿದರ ಆಯಿಲ್ ಪೇಂಟ್‌ನಲ್ಲಿ ಬರ್ನ್ಟ್ ಸಿಯೆನ್ನಾ ತೆಳ್ಳಗೆ ಬಳಿದು, ಒಣಗಿದ ಬ್ರಷ್‌ನಿಂದ ಒಂದೇ ದಿಕ್ಕಿನಲ್ಲಿ ಎಳೆಯಿರಿ. ಮರದ ಗೆರೆ ತಾನಾಗಿ ಮೂಡುತ್ತದೆ. ಪ್ರೊಪೆಲ್ಲರಿಗೂ ಇದೇ. ಮರದ ಪದರಗಳು ಕಾಣಬೇಕಾದರೆ ನಡುವೆ ತೆಳುವಾದ ಮಾಸ್ಕಿಂಗ್ ಟೇಪ್ ಅಂಟಿಸಿ ಎರಡು ಛಾಯೆ ಕೊಡಬೇಕು.

ಈಗ ಬಣ್ಣ. ಆ ಕಾಲದ ಬ್ರಿಟಿಷ್ ವಿಮಾನಗಳ ರೆಕ್ಕೆಗೆ ಲಿನನ್ ಬಟ್ಟೆ ಹೊದಿಸಿ, ಅದರ ಮೇಲೆ ಡೋಪ್ ಅನ್ನುವ ದ್ರಾವಣ ಬಳಿಯುತ್ತಿದ್ದರು. ಡೋಪ್ ಒಣಗುವಾಗ ಬಟ್ಟೆ ಕುಗ್ಗಿ ತಮಟೆಯ ಚರ್ಮದ ಹಾಗೆ ಬಿಗಿಯಾಗುತ್ತಿತ್ತು. ಬರೀ ಡೋಪ್ ಸಾಲದು, ಬಿಸಿಲಿಗೆ ಲಿನನ್ ಬೇಗ ಜೀರ್ಣವಾಗುತ್ತದೆ. ಅದಕ್ಕೇ ಮೇಲ್ಭಾಗಕ್ಕೆ ಪಿಸಿ10 ಅನ್ನುವ ಬಣ್ಣದ ಪದರ. ಹಳದಿ ಕಾವಿಮಣ್ಣಿನ ಪುಡಿಗೆ ಸ್ವಲ್ಪ ದೀಪದ ಮಸಿ ಬೆರೆಸಿದ್ದು. ಹಳದಿಗೆ ಕಪ್ಪು ಬೆರೆತರೆ ಏನಾಗುತ್ತದೆ? ಹಸಿರು ಅಂತಲೂ ಹೇಳಬಹುದು, ಕಂದು ಅಂತಲೂ ಹೇಳಬಹುದು. ಪಿಸಿ10 ಹಸಿರೋ ಕಂದೋ ಅಂತ ಮಾಡೆಲ್ ಮಾಡುವವರು ಇವತ್ತಿಗೂ ಜಗಳ ಆಡುತ್ತಾರೆ. ನನ್ನ ಮಟ್ಟಿಗೆ ಇದು ತೀರದ ಜಗಳ, ತೀರಬೇಕಾದ್ದೂ ಇಲ್ಲ. ಮಸಿಯ ಪ್ರಮಾಣ, ಮೇಲಿನ ವಾರ್ನಿಶ್, ಎಷ್ಟು ದಿನ ಬಿಸಿಲು ತಿಂದಿದೆ, ಎಲ್ಲದರಿಂದ ಛಾಯೆ ಬದಲಾಗುತ್ತದೆ. ನಾನು ಟಾಮಿಯಾ ಕಂಪನಿಯ ಮಾಡೆಲ್ ಬಣ್ಣಗಳಲ್ಲಿ ಎಕ್ಸ್‌ಎಫ್-62 ಆಲಿವ್ ಡ್ರ್ಯಾಬ್‌ಗೆ ಎಕ್ಸ್‌ಎಫ್-64 ರೆಡ್ ಬ್ರೌನ್ ಸ್ವಲ್ಪ ಬೆರೆಸಿದೆ. ರೆಕ್ಕೆಗೆ ಒಂಚೂರು ಜಾಸ್ತಿ ಕಂದು, ಬಾಲಕ್ಕೆ ಒಂಚೂರು ಕಡಿಮೆ. ಪಕ್ಕಪಕ್ಕ ಇಟ್ಟರೆ ಮಾತ್ರ ಗೊತ್ತಾಗುವಷ್ಟು ವ್ಯತ್ಯಾಸ.

ರೆಕ್ಕೆಯ ಕೆಳಭಾಗಕ್ಕೆ ಬಣ್ಣವಿಲ್ಲದ ಡೋಪ್, ಅಂದರೆ ಬಟ್ಟೆಯದೇ ಕೆನೆಬಣ್ಣ. ಇಲ್ಲಿ ಎಕ್ಸ್‌ಎಫ್-57 ಬಫ್‌ಗೆ ಬಿಳಿ ಬೆರೆಸಿದೆ. ಬಟ್ಟೆಯ ಹಿಂದೆ ಅಡ್ಡಪಟ್ಟಿಗಳಿರುವ ಕಡೆ ತುಸು ಗಾಢವಾಗಿ ಕಾಣಬೇಕಲ್ವಾ? ಅದಕ್ಕೆ ಕಂದು ಬಣ್ಣದಲ್ಲಿ ಆ ಗೆರೆಗಳನ್ನು ಮೊದಲೇ ಎಳೆದು, ಅದರ ಮೇಲೆ ಕೆನೆಬಣ್ಣವನ್ನು ಏರ್‌ಬ್ರಷ್‌ನಲ್ಲಿ ತೆಳ್ಳಗೆ ಹೊಡೆದೆ. ಗೆರೆ ಇನ್ನೇನು ಮಾಯವಾಗುತ್ತದೆ ಅನ್ನುವಾಗ ನಿಲ್ಲಿಸಬೇಕು.

ನಾನು ಇರುವುದು ಕರಾವಳಿಯಲ್ಲಿ. ಇಲ್ಲಿ ಮಳೆಗಾಲದಲ್ಲಿ ಲ್ಯಾಕರ್ ವಾರ್ನಿಶ್ ಹೊಡೆದರೆ ಗಾಳಿಯ ತೇವ ಸೇರಿ ಮೇಲ್ಮೈ ಬೆಳ್ಳಗಾಗುತ್ತದೆ. ಆದ್ದರಿಂದ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅಂಟಿಸುವ, ಉಜ್ಜುವ, ಕೊರೆಯುವ ಕೆಲಸ. ಸ್ಪ್ರೇ ಕೆಲಸವೆಲ್ಲ ಮಳೆ ನಿಂತ ಮೇಲೆ, ಬಿಸಿಲು ಏರಿದ ಹೊತ್ತಿನಲ್ಲಿ.

ಡೀಕಾಲ್‌ಗಳನ್ನೂ, ಅಂದರೆ ಗುರುತು ಮತ್ತು ನಂಬರ್ ಅಚ್ಚಾಗಿರುವ ತೆಳು ಚಿತ್ರಗಳನ್ನೂ, ರೆಕ್ಕೆ ಬಿಡಿಯಾಗಿರುವಾಗಲೇ ಅಂಟಿಸಿದೆ. ರಾಯ್ ಹಾರಿಸಿದ ವಿಮಾನದ ಗುರುತುಗಳು ನನ್ನ ಪೆಟ್ಟಿಗೆಯಲ್ಲಿ ಇರಲಿಲ್ಲ. ಊಹೆ ಮಾಡಿ ನಂಬರ್ ಹಾಕುವುದು ನನಗೆ ಇಷ್ಟವಿಲ್ಲ. ಪೆಟ್ಟಿಗೆಯಲ್ಲಿ ಇದ್ದ ಗುರುತುಗಳನ್ನೇ ಹಾಕಿದೆ. ಬಾಲದ ಚುಕ್ಕಾಣಿಯ ಪಟ್ಟೆ ಹಚ್ಚುವಾಗ ಒಂದು ಗಮನ ಇರಲಿ. ಆ ಯುದ್ಧದ ಬ್ರಿಟಿಷ್ ವಿಮಾನಗಳಲ್ಲಿ ನೀಲಿ ಮುಂದೆ, ಕೆಂಪು ಹಿಂದೆ. ಮುಂದಿನ ಕಾಲದ ಚಿತ್ರ ನೋಡಿಕೊಂಡು ಹಚ್ಚಿದರೆ ತಿರುಗುಮುರುಗಾಗುವ ಸಾಧ್ಯತೆ ಇದೆ.

ತೂತು ಕೊರೆಯುವ ಕೆಲಸವೂ ಈ ಹಂತದ್ದೇ. ಇನ್ನೂ ಹೇಳಬೇಕೆಂದರೆ ಬಣ್ಣಕ್ಕಿಂತ ಮುಂಚಿನದು. ಕೈಯಲ್ಲಿ ತಿರುಗಿಸುವ ಡ್ರಿಲ್‌ಗೆ 0.3 ಮಿ.ಮೀ. ಬಿಟ್ ಹಾಕಿ, ಪ್ರತಿ ತಂತಿಯ ಎರಡೂ ತುದಿಗೆ ಗುಂಡಿ ಮಾಡಿಟ್ಟೆ. ಆರಪಾರ ಹೋಗಬಾರದು, ಪ್ಲಾಸ್ಟಿಕ್‌ನ ಅರ್ಧ ದಪ್ಪ ಸಾಕು. ತಂತಿ ಯಾವ ಕೋನದಲ್ಲಿ ಬರುತ್ತದೋ ಅದೇ ಕೋನದಲ್ಲಿ ಡ್ರಿಲ್ ಓರೆ ಹಿಡಿಯಬೇಕು.

ರೆಕ್ಕೆ ಕೂರಿಸುವಾಗ ಎಸ್.ಇ.5ಎ ಒಂದು ಪರೀಕ್ಷೆ ಒಡ್ಡುತ್ತದೆ. ಇದರ ರೆಕ್ಕೆಗಳು ಚಪ್ಪಟೆ ಅಲ್ಲ, ಬುಡದಿಂದ ತುದಿಗೆ 5 ಡಿಗ್ರಿ ಮೇಲಕ್ಕೆ ಏರುತ್ತವೆ. ಮಾಡೆಲ್ ಅಳತೆಯಲ್ಲಿ ತುದಿ ಬುಡಕ್ಕಿಂತ ಹತ್ತಿರ ಹತ್ತಿರ 7 ಮಿ.ಮೀ. ಎತ್ತರ. ಒಂದು ಕಡೆ 7, ಇನ್ನೊಂದು ಕಡೆ 5 ಆದರೆ ಎದುರಿನಿಂದ ನೋಡಿದ ಕೂಡಲೇ ಸೊಟ್ಟ ಕಾಣುತ್ತದೆ. ನಾನು ದಪ್ಪ ರಟ್ಟಿನಲ್ಲಿ ಆ ಇಳಿಜಾರು ಕತ್ತರಿಸಿ, ಕೆಳಗಿನ ರೆಕ್ಕೆಯ ಅಡಿಗೆ ಎರಡೂ ಬದಿ ಇಟ್ಟು ಅಂಟು ಒಣಗುವ ತನಕ ಹಾಗೇ ಬಿಟ್ಟೆ.

ಮೇಲಿನ ರೆಕ್ಕೆಗೆ ಮೊದಲು ನಡುವಿನ ನಾಲ್ಕು ಗಿಡ್ಡ ಸ್ಟ್ರಟ್. ಇವು ಕಾಕ್‌ಪಿಟ್ ಮುಂದೆ ವಿಮಾನದ ಮೈಯಿಂದ ಮೇಲೆದ್ದು ರೆಕ್ಕೆಯ ಮಧ್ಯಭಾಗ ಹೊರುತ್ತವೆ. ಇವನ್ನು ಬೇಗ ಒಣಗುವ ಅಂಟಿನಲ್ಲಿ ಕೂರಿಸಬೇಡಿ. ಪ್ಲಾಸ್ಟಿಕ್ ಕರಗಿಸಿ ಬೆಸೆಯುವ ನಿಧಾನದ ಅಂಟು ಹಾಕಿದರೆ ಸರಿಮಾಡಲು ಸಮಯ ಸಿಗುತ್ತದೆ. ಅಂಟು ಹಸಿ ಇರುವಾಗಲೇ ಹೊರಗಿನ ಸ್ಟ್ರಟ್‌ಗಳನ್ನೂ ಇಟ್ಟು, ಮೇಲಿನ ರೆಕ್ಕೆಯನ್ನು ತಲೆಕೆಳಗಾಗಿ ಸ್ಪಂಜಿನ ಮೇಲೆ ಮಲಗಿಸಿ, ಮೈಯನ್ನು ಅದರ ಮೇಲೆ ಇಳಿಸಿದೆ. ಆಮೇಲೆ ಎದುರಿನಿಂದ, ಪಕ್ಕದಿಂದ, ಮೇಲಿನಿಂದ ನೋಡಿದ್ದೇ ನೋಡಿದ್ದು. ಮೇಲಿನಿಂದ ನೋಡುವಾಗ ಮೇಲಿನ ರೆಕ್ಕೆ ಕೆಳಗಿನದಕ್ಕಿಂತ ಮುಂದಿರಬೇಕು, ಅದು ಮೂಲ ವಿನ್ಯಾಸವೇ. ಎರಡೂ ತುದಿಯಿಂದ ಬಾಲದ ಕೊನೆಗೆ ದಾರ ಹಿಡಿದು ಅಳೆದರೆ ಉದ್ದ ಒಂದೇ ಬರಬೇಕು.

ಕೊನೆಗೂ ತಂತಿ. ಇಲ್ಲಿ ನನಗೆ ನೆರವಾದದ್ದು ಪ್ರತಿ ತಂತಿ ಯಾಕಿದೆ ಅಂತ ತಿಳಿದುಕೊಂಡದ್ದು. ವಿಮಾನ ಹಾರುವಾಗ ಗಾಳಿ ರೆಕ್ಕೆಯನ್ನು ಮೇಲಕ್ಕೆ ತಳ್ಳುತ್ತದೆ. ಅದನ್ನು ಹಿಡಿದಿಡಲು ಮೈಯ ಬುಡದಿಂದ ಹೊರಗಿನ ಸ್ಟ್ರಟ್‌ನ ತಲೆಗೆ ಓರೆಯಾಗಿ ಹೋಗುವವು ಹಾರಾಟದ ತಂತಿಗಳು. ನೆಲದ ಮೇಲಿದ್ದಾಗ ರೆಕ್ಕೆಯ ಭಾರ ಕೆಳಗೆ ಜಗ್ಗುತ್ತದೆ. ಆಗ ಕೆಲಸ ಮಾಡುವವು ಮಧ್ಯದ ಸ್ಟ್ರಟ್‌ನ ತಲೆಯಿಂದ ಹೊರಗಿನ ಸ್ಟ್ರಟ್‌ನ ಕಾಲಿಗೆ ಇಳಿಯುವ ತಂತಿಗಳು. ಹೊರಗಿನ ಮುಂದಿನ ಸ್ಟ್ರಟ್ ಮತ್ತು ಹಿಂದಿನ ಸ್ಟ್ರಟ್ ನಡುವೆ ಗುಣಿಸು ಚಿಹ್ನೆಯಂತೆ ಇರುವವು ರೆಕ್ಕೆ ತಿರುಚದಂತೆ ಕಾಯುತ್ತವೆ. ಇಷ್ಟು ತಲೆಯಲ್ಲಿ ಕೂತರೆ ನಕ್ಷೆ ನೋಡುವ ಅಗತ್ಯವೇ ಕಡಿಮೆ. ಯಾವುದಾದರೂ ತಂತಿ ಬಿಟ್ಟುಹೋದರೆ ಕಣ್ಣಿಗೇ ತಿಳಿಯುತ್ತದೆ.

ಯಾವ ದಾರ? ಕಿಟ್‌ನ ಪ್ಲಾಸ್ಟಿಕ್ ಕಡ್ಡಿಯನ್ನೇ ಮೇಣದಬತ್ತಿಗೆ ಹಿಡಿದು ಎಳೆದು ಮಾಡಬಹುದು. ಖರ್ಚಿಲ್ಲ, ಆದರೆ ಧೂಳು ಒರೆಸುವಾಗ ಪಟ್ ಅಂತ ಮುರಿಯುತ್ತದೆ. ಮೀನು ಹಿಡಿಯುವ ತೆಳು ನೈಲಾನ್ ಗಟ್ಟಿ, ಆದರೆ ಬಿಗಿ ಮಾಡುವಾಗ ರೆಕ್ಕೆಯನ್ನೇ ಜಗ್ಗುತ್ತದೆ. ನಾನು ಮಾಡೆಲ್‌ಗಳಿಗೆಂದೇ ಬರುವ ಹಿಗ್ಗುವ ಎಲಾಸ್ಟಿಕ್ ದಾರ ಬಳಸಿದೆ. ದಪ್ಪದ ಲೆಕ್ಕ ಸುಲಭ. ನಿಜವಾದ ತಂತಿ ಅರ್ಧ ಸೆಂಟಿಮೀಟರ್ ಅಗಲ ಇದ್ದರೂ 1/48ರಲ್ಲಿ ಅದು 0.1 ಮಿ.ಮೀ. ಚಿಲ್ಲರೆ. ಅದಕ್ಕಿಂತ ದಪ್ಪ ಹಾಕಿದರೆ ವಿಮಾನಕ್ಕೆ ಹಗ್ಗ ಕಟ್ಟಿದಂತೆ ಕಾಣುತ್ತದೆ.

ವಿಧಾನ ಇಷ್ಟೇ. ಬೇಕಾದ ಉದ್ದಕ್ಕಿಂತ ಸ್ವಲ್ಪ ಗಿಡ್ಡ ದಾರ ಕತ್ತರಿಸಿ. ಸೂಜಿಯ ಮೊನೆಯಿಂದ ಮೇಲಿನ ಗುಂಡಿಗೆ ಫೆವಿಕ್ವಿಕ್ ಒಂದು ಚುಕ್ಕೆ ಇಟ್ಟು ದಾರದ ತುದಿ ಕೂರಿಸಿ. ಹಿಡಿದ ಮೇಲೆ ಕೆಳಗಿನ ಗುಂಡಿಗೂ ಚುಕ್ಕೆ ಇಟ್ಟು, ಚಿಮುಟದಲ್ಲಿ ಎಳೆದು ತಂದು ತೂರಿಸಿ. ಈ ಅಂಟು ಗಟ್ಟಿಯಾಗಲು ಗಾಳಿಯ ತೇವ ಬೇಕು. ನಮ್ಮ ಕಡೆ ತೇವಕ್ಕೆ ಬರವಿಲ್ಲ, ಬೇಗ ಹಿಡಿಯುತ್ತದೆ. ಕರಾವಳಿಯ ತೇವದಿಂದ ಸಿಕ್ಕ ಒಂದೇ ಒಂದು ಲಾಭ! ಆದರೆ ಫ್ಯಾನ್ ಆರಿಸಲೇಬೇಕು, ಇಲ್ಲದಿದ್ದರೆ ದಾರ ಹಾರಾಡಿ ಎಲ್ಲೆಲ್ಲೋ ಅಂಟುತ್ತದೆ. ಕರಾವಳಿಯ ಸೆಕೆಯಲ್ಲಿ ಫ್ಯಾನ್ ಇಲ್ಲದೆ ಕೂರುವುದು ಅಂದರೆ ಏನು ಅಂತ ಇಲ್ಲಿಯವರಿಗೆ ಬಿಡಿಸಿ ಹೇಳಬೇಕಿಲ್ಲ. ಮನೆಯವರು ಆ ರೂಮಿನ ಕಡೆ ತಲೆ ಹಾಕಲಿಲ್ಲ.

ಒಳಗಿನಿಂದ ಹೊರಗೆ ಬರಬೇಕು. ಮಧ್ಯದ ಸ್ಟ್ರಟ್‌ಗಳ ನಡುವಿನ ತಂತಿ ಮೊದಲು, ಆಮೇಲೆ ಇಳಿಯುವ ತಂತಿ, ಹಾರಾಟದ ತಂತಿ, ಹೊರಗಿನ ಗುಣಿಸು ಚಿಹ್ನೆ. ಚಕ್ರದ ಕಾಲುಗಳದ್ದು ಮತ್ತು ಬಾಲದ ಕೇಬಲ್ ಕೊನೆಗೆ. ಉಲ್ಟಾ ಹೋದರೆ ಹೊರಗಿನ ದಾರವೇ ಕೈಗೆ ಅಡ್ಡ.

ಬಂದೂಕುಗಳು ಎಲ್ಲಕ್ಕಿಂತ ಕೊನೆಯವು. ಎಸ್.ಇ.5ಎಗೆ ಎರಡು. ಮೂಗಿನ ಎಡಭಾಗದಲ್ಲಿ ವಿಕರ್ಸ್, ಅದು ತಿರುಗುವ ಪ್ರೊಪೆಲ್ಲರ್ ಎಲೆಗಳ ನಡುವೆ ಹೊಂದಿಸಿಕೊಂಡು ಗುಂಡು ಹಾರಿಸುತ್ತದೆ. ಇನ್ನೊಂದು ಮೇಲಿನ ರೆಕ್ಕೆಯ ಮೇಲಿನ ಲೂಯಿಸ್. ಅದರ ಗುಂಡು ಪ್ರೊಪೆಲ್ಲರಿನ ಮೇಲಿಂದ ಹೋಗುವುದರಿಂದ ಹೊಂದಾಣಿಕೆ ಬೇಕಿಲ್ಲ. ಗುಂಡಿನ ಡ್ರಮ್ ಖಾಲಿಯಾದರೆ ಪೈಲಟ್ ಬಾಗಿದ ಕಂಬಿಯ ಮೇಲೆ ಬಂದೂಕನ್ನು ತನ್ನ ಕಡೆಗೆ ಜಾರಿಸಿ ಬದಲಾಯಿಸಬೇಕಿತ್ತು, ಒಂದು ಕೈಯಲ್ಲಿ ವಿಮಾನ ನಡೆಸುತ್ತಲೇ. ಅದನ್ನು ಓದಿದ ಮೇಲೆ ಲೂಯಿಸ್ ಅಂಟಿಸುವಾಗ ಕೈ ನಡುಗಿದರೂ ನಾನು ಗೊಣಗಲಿಲ್ಲ.

ಮುಂದಿನ ಕಿಟ್ ಬಂದಿದೆ. ರಾಯ್ ಅವರ ಕೊನೆಯ ಕಾದಾಟದಲ್ಲಿ ಎದುರಾಳಿಯಾಗಿದ್ದ ಫೋಕರ್ ಡಿ.7. ಅದರ ದಪ್ಪ ರೆಕ್ಕೆಗಳು ತಮ್ಮ ಬಲದಲ್ಲೇ ನಿಲ್ಲುತ್ತವೆ, ರೆಕ್ಕೆಗಳ ನಡುವೆ ತಂತಿಯೇ ಇಲ್ಲ. ತಂತಿಗೆ ಹೆದರುವ ಗೆಳೆಯರಿಗೆ ಇದನ್ನೇ ಮೊದಲು ಕಟ್ಟಿ ಅಂತ ಹೇಳೋಣ ಅಂದುಕೊಂಡಿದ್ದೆ. ಆದರೆ ಪೆಟ್ಟಿಗೆ ಬಿಚ್ಚಿದರೆ ಒಳಗೆ ಆ ಕಾಲದ ಜರ್ಮನ್ ಬಟ್ಟೆಯ ಬಹುಭುಜ ಚಿತ್ತಾರ, ನಾಲ್ಕು ಬಣ್ಣದ್ದು. ಇಡೀ ರೆಕ್ಕೆಗೆ ಮೇಲೂ ಕೆಳಗೂ ಪಟ್ಟಿ ಪಟ್ಟಿಯಾಗಿ ಡೀಕಾಲ್ ಅಂಟಿಸಬೇಕು. ಸದ್ಯಕ್ಕೆ ಗೆಳೆಯರಿಗೆ ಏನೂ ಹೇಳಿಲ್ಲ.