ಕುಚ್ಚಲಕ್ಕಿ ಬಂದಿದೆ ಅಂತ ಹೇಳಿದ ಮೇಲೆ

ಹೋದ ತಿಂಗಳು 28ನೇ ತಾರೀಕು ರಾತ್ರಿ, ಯಾರು ರೇಷನ್ ಅಕ್ಕಿ ತೆಗೆದಿಲ್ಲ ಅಂತ ಲೆಕ್ಕ ಇಡುವ ನನ್ನ ಶೀಟ್ ತೆರೆದು ನೋಡಿದೆ. ಕೇರಳದ ಕಾಸರಗೋಡು ಜಿಲ್ಲೆಯ ಬಾಯಾರು, ಪೈವಳಿಕೆ ಸುತ್ತಿನ ನಾಲ್ಕು ರೇಷನ್ ಅಂಗಡಿಗಳಿಗೆ ಸೇರಿದ ಹಳದಿ (ತೀರಾ ಬಡವರದ್ದು) ಮತ್ತು ಪಿಂಕ್ (ಬಡವರದ್ದು) ಕಾರ್ಡುಗಳಲ್ಲಿ ನಾನು ನೋಡಿಕೊಳ್ಳುವುದು ಸುಮಾರು 310. ಅದರಲ್ಲಿ ಅಕ್ಕಿ ತೆಗೆಯದೆ ಉಳಿದದ್ದು ಏಳು. ಮೊದಲೆಲ್ಲ ತಿಂಗಳ ಕೊನೆಗೆ ಅರುವತ್ತು, ಎಪ್ಪತ್ತು ಉಳಿಯುತ್ತಿತ್ತು. "ಓದಲು ಬಾರದವರಿಗೆ ಫೋನಿನಲ್ಲಿ ಅಕ್ಕಿ ಕೊಡಿಸ್ತೀಯಾ?" ಅಂತ ಕೇಳಿದವರೇ ಈಗ ಆ ಶೀಟ್ ಕಳಿಸು ಅನ್ನುತ್ತಿದ್ದಾರೆ. ಎಲ್ಲರಿಗೂ ಬೇರೆ ಬೇರೆ ಹೇಳುವುದಕ್ಕಿಂತ ಒಮ್ಮೆ ಬರೆದುಬಿಡುವುದು ಒಳ್ಳೆಯದು ಅನಿಸಿತು. ನನ್ನ ಹಾಗೆ ಬಿಲ್ಲು, ಅರ್ಜಿ ಮಾಡಿಕೊಡುವ ಆನ್‌ಲೈನ್ ಸೇವೆಯ ಅಂಗಡಿ ನಡೆಸುವವರಿಗೆ ಇದೆಲ್ಲ ಗೊತ್ತು, ಹೊಸಬರಿಗೆ ಮಾತ್ರ ಹೇಳುತ್ತೇನೆ: ಇಪೋಸ್ ಅಂದರೆ ರೇಷನ್ ಅಂಗಡಿಯಲ್ಲಿ ಬೆರಳು ಒತ್ತಿ ಅಕ್ಕಿ ತೆಗೆಯುವ ಮೆಷಿನ್, ಮಸ್ಟರಿಂಗ್ ಅಂದರೆ ಕಾರ್ಡಿನಲ್ಲಿ ಹೆಸರಿರುವವರು ತಾವೇ ಅಂತ ಆಧಾರ್ ಮೂಲಕ ಖಚಿತ ಮಾಡಿಕೊಡುವುದು.

ನಮ್ಮ ಕಡೆ ತೊಂದರೆ ಶುರುವಾಗುವುದೇ ಮೆಸೇಜಿನಿಂದ. ರೇಷನ್ ಮೆಸೇಜು ಮಲಯಾಳದಲ್ಲಿ ಬರುತ್ತದೆ. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ ಕಲಿತ ಅಕ್ಕಂದಿರು ಅದನ್ನು ಕಂಪನಿ ಮೆಸೇಜು ಅಂದುಕೊಂಡು ಅಳಿಸುತ್ತಾರೆ. ತಿಂಗಳು ಮುಗಿದರೆ ಅಕ್ಕಿ ಹೋಯಿತು. ಸಾಲದ್ದಕ್ಕೆ ಮೂರು ತಿಂಗಳು ಸತತವಾಗಿ ತೆಗೆಯದಿದ್ದರೆ ಹಳದಿ, ಪಿಂಕ್ ಕಾರ್ಡನ್ನು ಬಡವರ ಸವಲತ್ತಿಲ್ಲದ ಬಿಳಿ ಕಾರ್ಡಿಗೆ ಹಾಕಿಬಿಡುತ್ತಾರೆ. ಬೀಡಿ ಕಟ್ಟಿ ಬದುಕುವ ಮನೆಗೆ ಹಳದಿ ಕಾರ್ಡಿನ 30 ಕೆಜಿ ಅಕ್ಕಿ ಎಷ್ಟು ದೊಡ್ಡದು ಅಂತ ನನಗೆ ಗೊತ್ತು. ನಾನು ಬೆಳೆದದ್ದು ಅಂಥ ಮನೆಯಲ್ಲೇ.

ಮೊದಲು ಮಾಡಿದ್ದು ವಾಟ್ಸಾಪ್ ಬ್ರಾಡ್‌ಕಾಸ್ಟ್. ಕನ್ನಡದಲ್ಲಿ ಚಂದದ ಪೋಸ್ಟರ್ ಮಾಡಿಸಿದೆ, ಡಿಸೈನಿಗೇ 600 ರೂಪಾಯಿ. ಯಾರಿಗೂ ಹೋಗಲೇ ಇಲ್ಲ. ನನ್ನ ನಂಬರು ಅವರ ಫೋನಿನಲ್ಲಿ ಸೇವ್ ಆಗಿರದಿದ್ದರೆ ಬ್ರಾಡ್‌ಕಾಸ್ಟ್ ತಲುಪುವುದಿಲ್ಲ ಅನ್ನುವುದು ನೆನಪಾದಾಗ ಎರಡು ತಿಂಗಳು ಕಳೆದಿತ್ತು. ಆಮೇಲೆ ರೆಕಾರ್ಡ್ ಮಾಡಿದ ಕರೆ ಕಳಿಸುವ ಸರ್ವಿಸ್ ತೆಗೆದುಕೊಂಡೆ. ಮೂರು ಸಾವಿರದ ಹತ್ತಿರ ಹೋಯಿತು. 140ರಿಂದ ಶುರುವಾಗುವ ನಂಬರಿನಿಂದ ಕರೆ ಬಂದರೆ ಯಾರು ಎತ್ತುತ್ತಾರೆ? ಎತ್ತಿದ ನಾಲ್ಕೈದು ಮಂದಿಯೂ ಬ್ಯಾಂಕಿನ ಮೋಸದವರು ಅಂತ ಹೆದರಿ ಕಟ್ ಮಾಡಿದರು. ಒಬ್ಬ ಮಾವ ಅಂಗಡಿಗೆ ಬಂದು, "ನಿನ್ನ ಸ್ವರದಲ್ಲಿ ಯಾರೋ ಕಳ್ಳ ಮಾತಾಡ್ತಾನೆ ಮಾರಾಯ, ಜಾಗ್ರತೆ" ಅಂತ ಹೇಳಿ ಹೋದರು. ಆ ಹಣ ವಾಪಸು ಬರಲಿಲ್ಲ.

ದಾರಿ ಸಿಕ್ಕಿದ್ದು ಶೀಟಿನಲ್ಲಿ ಒಂದು ಕಾಲಂ ಬದಲಿಸಿದಾಗ. ಕಾರ್ಡ್ ಯಾರ ಹೆಸರಿನಲ್ಲಿದೆಯೋ ಅವರ ನಂಬರು ಅಳಿಸಿದೆ. ಆ ಮನೆಯಲ್ಲಿ ನಿಜಕ್ಕೂ ಫೋನ್ ಎತ್ತುವುದು ಯಾರೋ ಅವರ ನಂಬರು ಹಾಕಿದೆ. ಕೆಲವು ಕಡೆ ಅದು ಸೊಸೆ, ಕೆಲವು ಕಡೆ ಎಂಟನೇ ಕ್ಲಾಸಿನ ಮೊಮ್ಮಗ, ಕೀಪ್ಯಾಡ್ ಫೋನಿನ ಮನೆಗಳಿಗೆ ಪಕ್ಕದ ಮನೆಯವರು. ಪಕ್ಕದಲ್ಲಿ ಮನೆಮಾತು ಯಾವುದು ಅಂತ ಒಂದು ಕಾಲಂ: ತುಳು, ಕನ್ನಡ, ಬ್ಯಾರಿ, ಮಲಯಾಳ, ಮರಾಠಿ. ಅಂಗಡಿಗೆ ಯಾವ ಕೆಲಸಕ್ಕೆ ಬಂದರೂ ಫೋನ್ ಇಸಿದುಕೊಂಡು ನನ್ನ ನಂಬರನ್ನು 'ರೇಷನ್' ಅಂತ ಸೇವ್ ಮಾಡಿಕೊಟ್ಟೆ. ನನ್ನ ಪ್ರೊಫೈಲ್ ಚಿತ್ರಕ್ಕೆ ಅಕ್ಕಿ ಮೂಟೆಯ ಫೋಟೋ ಹಾಕಿದೆ. ಓದಲು ಬಾರದವರಿಗೂ ಯಾರು ಅಂತ ತಿಳಿಯುತ್ತದೆ.

ಮಾತಿನಲ್ಲೂ ಬದಲಾವಣೆ ಮಾಡಿದೆ. "ಕೊನೆಯ ದಿನಾಂಕ", "ತಪ್ಪದೆ ಪಡೆದುಕೊಳ್ಳಿ" ಎಲ್ಲ ಬಿಟ್ಟೆ. ಒಂದು ತಿಂಗಳು ಸುಮ್ನೆ "ಕುಚ್ಚಲಕ್ಕಿ ಬಂದಿದೆ, ನಿಮ್ಮ ಹೆಸರಿನಲ್ಲಿ 30 ಕೆಜಿ ಇದೆ" ಅಂತ ಕಳಿಸಿದೆ. ಮರುದಿನ ಬೆಳಗ್ಗೆ ಎಂಟಕ್ಕೆ ರೇಷನ್ ಅಂಗಡಿಯ ಎದುರು ಸಾಲು. ನಮ್ಮವರಿಗೆ ಬೆಳ್ತಿಗೆ, ಅಂದರೆ ಕುದಿಸಿ ಒಣಗಿಸದ ಬಿಳಿ ಅಕ್ಕಿ, ಒಂದು ಹೊತ್ತಿಗೆ ಆಗುತ್ತದೆ, ಗಂಜಿಗೆ ಕುಚ್ಚಲೇ ಬೇಕು. ಬೆಳ್ತಿಗೆ ಮಾತ್ರ ಇರಬಹುದು ಅಂತ ಎಷ್ಟೋ ಮಂದಿ ಹೋಗುತ್ತಲೇ ಇರಲಿಲ್ಲ. ಅದು ನನಗೆ ಹೊಳೆದಿರಲಿಲ್ಲ.

ಇದನ್ನೆಲ್ಲ ಬರೆದು ಕಳಿಸುವುದಲ್ಲ, ಮನೆಮಾತಿನಲ್ಲಿ ಸ್ವರ ರೆಕಾರ್ಡ್ ಮಾಡಿ ವಾಟ್ಸಾಪಿನಲ್ಲಿ ಕಳಿಸುವುದು. ತುಳು ಸ್ವರ ಕಟ್ಟಿದ ಬೀಡಿ ಕೊಡಲು ಬ್ರಾಂಚಿಗೆ ದಿನಾ ಹೋಗುವ ಅಕ್ಕನದು, ಬ್ಯಾರಿ ಸ್ವರ ಆಟೋ ಓಡಿಸುವ ಗೆಳೆಯನದು. ಇಬ್ಬರ ಸ್ವರವೂ ಊರಿಗೆಲ್ಲ ಗೊತ್ತು. ಇಪ್ಪತ್ತು ಸೆಕೆಂಡಿಗಿಂತ ಉದ್ದ ಬೇಡ. ರಾತ್ರಿ ಏಳರಿಂದ ಎಂಟರೊಳಗೆ ಕಳಿಸಬೇಕು. ಬೀಡಿ ಕಟ್ಟುತ್ತಾ ಕೂತಿರುವ ಹೊತ್ತು ಅದು, ಒಬ್ಬರು ಕೇಳಿದರೆ ಜಗಲಿಯಲ್ಲಿದ್ದವರೆಲ್ಲ ಕೇಳುತ್ತಾರೆ.

ಯಾರು ತೆಗೆದಿಲ್ಲ ಅಂತ ತಿಳಿಯಲು ಇಪೋಸ್ ವೆಬ್‌ಸೈಟಿನಲ್ಲಿ ಕಾರ್ಡ್ ನಂಬರು ಹಾಕಿ ನೋಡುವುದೇ. ತಿಂಗಳಿಗೆ ಎರಡು ಸಲ, 15ಕ್ಕೆ ಮತ್ತು 25ಕ್ಕೆ. ಎಲ್ಲಾ 310 ನೋಡುವುದಿಲ್ಲ. ಯಾವುದನ್ನು ಬಿಡಬಹುದು ಅನ್ನುವ ಲೆಕ್ಕ ಕೂತಿದೆ, ಅದು ನನ್ನಲ್ಲೇ ಇರಲಿ. ಆದರೆ ಒಂದು ಮಾತು: ಶೀಟಿನಲ್ಲಿ ಆಧಾರ್ ನಂಬರು ಬರೆದಿಡಬೇಡಿ. ಕಾರ್ಡ್ ನಂಬರು ಸಾಕು.

ಮಸ್ಟರಿಂಗ್ ಕಥೆ ಬೇರೆಯೇ. 2024ರ ಮಾರ್ಚ್‌ನಲ್ಲಿ ಸರ್ವರ್ ನಿಂತು ಅರ್ಧಕ್ಕೆ ಬಿಟ್ಟದ್ದು, ಅಕ್ಟೋಬರಿನಲ್ಲಿ ನಮ್ಮ ಜಿಲ್ಲೆಯಲ್ಲಿ ಮತ್ತೆ ಶುರುವಾದದ್ದು ನಿಮಗೆಲ್ಲ ನೆನಪಿದೆ. ಬೀಡಿ ಕಟ್ಟಿದ ಬೆರಳು, ಅಡಿಕೆ ಸುಲಿದ ಬೆರಳು, ಕೆಂಪುಕಲ್ಲು ಹೊತ್ತ ಬೆರಳು ಮೆಷಿನ್ನಿಗೆ ಸಿಗುವುದಿಲ್ಲ. ಒಬ್ಬ ಅಜ್ಜಿ ನಾಲ್ಕು ಸಲ ಬೆಟ್ಟ ಇಳಿದು ಬಂದು ವಾಪಸು ಹೋದರು. ಹುಣಸೆಹುಳಿ ಹಚ್ಚಿ ತೊಳೆಸಿದೆ, ತೆಂಗಿನೆಣ್ಣೆ ಸವರಿ ಒರೆಸಿದೆ. ಹತ್ತರಲ್ಲಿ ಮೂವರಿಗೆ ಆಯಿತು, ಅಷ್ಟೇ.

ಬೆರಳಿನ ಬದಲು ಫೋನಿಗೆ ಮುಖ ತೋರಿಸಿ ಮಸ್ಟರಿಂಗ್ ಮಾಡುವ ಮೇರಾ ಇಕೆವೈಸಿ ಆ್ಯಪ್ ಬಂದಾಗ ನಾನು ಸಾಲ ಮಾಡಿ 15 ಸಾವಿರದ ಫೋನ್ ತೆಗೆದುಕೊಂಡೆ. ಹಳೆಯ ಫೋನಿನ ಮುಂದಿನ ಕ್ಯಾಮೆರಾ ಏನೂ ಹಿಡಿಯುತ್ತಿರಲಿಲ್ಲ. ರಿಂಗ್ ಲೈಟಿಗೆ 450 ಕೊಟ್ಟೆ, ಅದು ದಂಡ. ಕನ್ನಡಕದಲ್ಲಿ ಬೆಳಕು ಹೊಳೆದು ಇನ್ನೂ ಹಾಳಾಯಿತು. ಬೆಳಗ್ಗೆ ಒಂಬತ್ತರೊಳಗೆ, ಬಿಸಿಲು ನೇರ ಬೀಳದ ಜಗಲಿಯಲ್ಲಿ, ಬಿಳಿ ಪಂಚೆ ಹಿಂದೆ ಕಟ್ಟಿ ಕೂರಿಸಿದರೆ ಹೆಚ್ಚಿನವರಿಗೆ ಒಂದೇ ಸಲಕ್ಕೆ ಆಗುತ್ತದೆ. ಕಣ್ಣು ಮಿಟುಕಿಸಲು ಹೇಳಬೇಕಲ್ಲ, ಅದನ್ನು ಅವರ ಮಾತಿನಲ್ಲೇ ಹೇಳಬೇಕು. ಪೊರೆ ಬಂದ ಕಣ್ಣಿನವರಿಗೆ ನಾನು ಮಾಡುವ ಉಪಾಯ ಒಂದಿದೆ. ಬರೆದರೆ ಸರಿಯಾಗಿ ತಿಳಿಯುವುದಿಲ್ಲ, ಅಂಗಡಿಗೆ ಬನ್ನಿ, ತೋರಿಸುತ್ತೇನೆ. ಆಧಾರಿಗೆ ಮೊಬೈಲ್ ಜೋಡಣೆಯಾಗದವರದ್ದು ಮಾತ್ರ ಆ್ಯಪಿನಲ್ಲಿ ಏನೂ ನಡೆಯುವುದಿಲ್ಲ. ಅವರನ್ನು ಮೊದಲೇ ಬೇರೆ ಪಟ್ಟಿ ಮಾಡಿ ಆಧಾರ್ ಸೆಂಟರಿಗೆ ಕಳಿಸಿ, ಆಮೇಲೆ ಕರೆಯಿರಿ. ಅದಿಲ್ಲದೆ ಕ್ಯಾಂಪ್ ಮಾಡಿ ನಾನು ಒಂದು ಭಾನುವಾರ ಪೂರ್ತಿ ಕಳೆದುಕೊಂಡಿದ್ದೇನೆ. ಒಟ್ಟು ಎಷ್ಟು ಮಂದಿಗೆ ಮಾಡಿಸಿದೆ ಅಂದರೆ ನಾನೂರರ ಮೇಲೆ. ಈ ಸುತ್ತಿನಲ್ಲಿ ಇಷ್ಟು ಮಾಡಿದವರು ಬೇರೆ ಯಾರೂ ಇರಲಿಕ್ಕಿಲ್ಲ.

ಗಡಿ ಊರಿನವರಿಗೆ ಇನ್ನೊಂದು ಗಂಟಿದೆ. ವಿಟ್ಲ, ಪುತ್ತೂರು ಕಡೆಯಿಂದ ಮದುವೆಯಾಗಿ ಬಂದ ಸೊಸೆಯಂದಿರ ಹೆಸರು ತಾಯಿಮನೆಯ ಕರ್ನಾಟಕ ಕಾರ್ಡಿನಲ್ಲೇ ಉಳಿದಿರುತ್ತದೆ. ಇಲ್ಲಿ ಸೇರಿಸಲು ಹೋದರೆ ಆಗುವುದಿಲ್ಲ. ಮೊದಲು ಅಲ್ಲಿ ಹೆಸರು ತೆಗೆಸಿ, ಆ ಕಾಗದ ತರಿಸಬೇಕು. ನಾನು ಎಂಟು ಮಂದಿಯದ್ದು ಮಾಡಿಸಿದೆ, ಒಂದಕ್ಕೆ ಐದು ತಿಂಗಳು ಹಿಡಿಯಿತು. ಹೆರಿಗೆಗೆ ತಾಯಿಮನೆಗೆ ಹೋದಾಗಲೇ ಮಾಡಿಸಿಕೊಂಡು ಬನ್ನಿ ಅಂತ ಈಗ ಮೊದಲೇ ಹೇಳುತ್ತೇನೆ. ಬಸ್ಸಿನ ಖರ್ಚೂ ಉಳಿಯುತ್ತದೆ.

ಇದರ ನಡುವೆ ಇನ್ನೊಂದು ಪ್ರಯೋಗ ಮಾಡಿದೆ. ಕೆಂಪುಕಲ್ಲು ತೆಗೆಯುವ ಕೋರೆಗೆ ಬಾಗಲಕೋಟೆ, ಗದಗ ಕಡೆಯ ಕೆಲಸಗಾರರು ಬಂದಿದ್ದಾರೆ. 'ಒಂದು ದೇಶ ಒಂದು ರೇಷನ್ ಕಾರ್ಡ್' ಯೋಜನೆ ಇರುವುದರಿಂದ ಊರಿನ ಬಿಪಿಎಲ್ ಕಾರ್ಡಿಗೆ ಇಲ್ಲೂ ಅಕ್ಕಿ ಸಿಗುತ್ತದೆ. ಮೊದಲ ತಿಂಗಳು ಒಬ್ಬ ಕೆಲಸಗಾರ ತನ್ನ ಮನೆಯವರೆಲ್ಲರ ಪಾಲನ್ನೂ ಇಲ್ಲೇ ತೆಗೆದುಬಿಟ್ಟ. ಊರಿನಲ್ಲಿ ಅವನ ತಾಯಿ ಅಂಗಡಿಗೆ ಹೋಗಿ ಬರಿಗೈಯಲ್ಲಿ ಬಂದರಂತೆ. ಅವತ್ತು ನನಗೆ ನಿದ್ದೆ ಬರಲಿಲ್ಲ. ಮುಂದಿನ ತಿಂಗಳಿಂದ ಇಲ್ಲಿ ಒಬ್ಬರ 5 ಕೆಜಿ ಮಾತ್ರ ತೆಗೆಸಿ, ಉಳಿದದ್ದನ್ನು ಊರಿಗೆ ಬಿಡುವಂತೆ ಮಾಡಿದೆ. ಈಗ ಹನ್ನೆರಡು ಮಂದಿ ಹಾಗೆ ತೆಗೆಯುತ್ತಾರೆ.

ಅಕ್ಕಿಯ ಕೆಲಸಕ್ಕೆ ನಾನು ಹಣ ತೆಗೆದುಕೊಳ್ಳುವುದಿಲ್ಲ. ಆದರೆ ಜನ ಕರೆಂಟ್ ಬಿಲ್ಲಿಗೆ, ಪಾನ್ ಕಾರ್ಡಿಗೆ, ಟಿಕೆಟಿಗೆ ನನ್ನಲ್ಲಿಗೇ ಬರುತ್ತಾರೆ. ತಿಂಗಳಿಗೆ ಮೂರು ನಾಲ್ಕು ಸಾವಿರ ಜಾಸ್ತಿ ಬರುತ್ತಿದೆ. ಫೋನಿನ ಸಾಲ ತೀರಿತು.

ಹೋದ ತಿಂಗಳು ಉಳಿದ ಏಳರಲ್ಲಿ ನಾಲ್ಕು ಮನೆಗಳಲ್ಲಿ ಇರುವುದು ಹಾಸಿಗೆ ಹಿಡಿದವರು ಮಾತ್ರ. ಅವರ ಪರವಾಗಿ ಬೇರೊಬ್ಬರು ತೆಗೆಯುವ ಪ್ರಾಕ್ಸಿಗೆ ಅರ್ಜಿ ಬರೆದಿಟ್ಟಿದ್ದೇನೆ, ನಾಳೆ ತಾಲೂಕು ಸಪ್ಲೈ ಆಫೀಸಿಗೆ ಕೊಂಡುಹೋಗಬೇಕು. ಅದಕ್ಕೂ ಮೊದಲು ಇವತ್ತು ಸಂಜೆ ಹೊಸ ಸ್ವರ ರೆಕಾರ್ಡ್ ಆಗಬೇಕು. ಈ ಸಲ ಎರಡು ಅಂಗಡಿಗೆ ಬೆಳ್ತಿಗೆ ಮಾತ್ರ ಬಂದಿದೆ. ಬಂದದ್ದನ್ನೇ ಹೇಳಬೇಕು. ಒಮ್ಮೆ ಸುಳ್ಳು ಹೇಳಿದರೆ ಮುಂದಿನ ತಿಂಗಳು ಆ ಅಕ್ಕನ ಸ್ವರವನ್ನು ಯಾರೂ ಕೇಳುವುದಿಲ್ಲ. ಅವಳು ಏಳು ಗಂಟೆಗೆ ಬರುತ್ತೇನೆ ಅಂದಿದ್ದಾಳೆ.