ಮೂಳೆ ಸವೆದಿದೆ ಎಂದು ರಿಪೋರ್ಟ್ ಬಂದಿದೆಯಾ? ಔಷಧಿಯಿಲ್ಲದೆ ಎಷ್ಟು ಸಾಧ್ಯ, ಹೇಗೆ ಸಾಧ್ಯ

ಮೂಳೆಯ ಸಾಂದ್ರತೆ ಅಳೆಯುವ ಡೆಕ್ಸಾ ಸ್ಕ್ಯಾನ್ ರಿಪೋರ್ಟಿನಲ್ಲಿ ಟಿ-ಸ್ಕೋರ್ (ಆರೋಗ್ಯವಂತ ಯುವ ವಯಸ್ಕರ ಸರಾಸರಿಗೆ ಹೋಲಿಸಿ ಕೊಡುವ ಅಂಕಿ) ಮೈನಸ್ 2.5 ಅಥವಾ ಅದಕ್ಕಿಂತ ಕೆಳಗೆ ಇದ್ದರೆ ಅದನ್ನು ಆಸ್ಟಿಯೊಪೊರೋಸಿಸ್, ಅಂದರೆ ಮೂಳೆ ಸವೆತ ಎನ್ನುತ್ತಾರೆ. ಆ ಅಂಕಿ ನೋಡಿದ ಮೇಲೆ ಹೆಚ್ಚಿನವರು ಎರಡರಲ್ಲಿ ಒಂದು ಮಾಡುತ್ತಾರೆ. ಕ್ಯಾಲ್ಸಿಯಂ ಮಾತ್ರೆ ತಂದು ನುಂಗಲು ಶುರು ಮಾಡುತ್ತಾರೆ. ಇಲ್ಲವೇ ಎಲ್ಲಿ ಮುರಿದುಬಿಡುತ್ತೋ ಅಂತ ಹೆದರಿ, ಭಾರ ಎತ್ತುವುದು ಬಿಟ್ಟು, ಮೆಟ್ಟಿಲು ಹತ್ತುವುದು ಬಿಟ್ಟು, ಕೊನೆಗೆ ಓಡಾಟವನ್ನೇ ಕಡಿಮೆ ಮಾಡುತ್ತಾರೆ. ಮೊದಲನೆಯದು ಸಾಲದು. ಎರಡನೆಯದು ಅಪಾಯ.

ಯಾಕೆ ಅಂದರೆ, ಮೂಳೆ ಒಮ್ಮೆ ಬೆಳೆದು ಹಾಗೇ ಉಳಿದುಬಿಡುವ ವಸ್ತು ಅಲ್ಲ. ಹಳೆಯ ಮೂಳೆಯನ್ನು ಕರಗಿಸುವ ಜೀವಕೋಶಗಳೂ ಹೊಸದನ್ನು ಕಟ್ಟುವ ಜೀವಕೋಶಗಳೂ ಜೀವಮಾನವಿಡೀ ಕೆಲಸ ಮಾಡುತ್ತಲೇ ಇರುತ್ತವೆ, ವಯಸ್ಕರಲ್ಲಿ ವರ್ಷಕ್ಕೆ ಸುಮಾರು ಶೇ 10ರಷ್ಟು ಮೂಳೆ ಹೀಗೆ ಹೊಸದಾಗುತ್ತದೆ. ಮೂವತ್ತರ ಆಸುಪಾಸಿನ ನಂತರ ಕಟ್ಟುವುದಕ್ಕಿಂತ ಕರಗುವುದು ನಿಧಾನವಾಗಿ ಮುಂದಾಗುತ್ತದೆ. ಹೆಂಗಸರಲ್ಲಿ ಮುಟ್ಟು ನಿಂತ ಮೇಲೆ ಈಸ್ಟ್ರೊಜೆನ್ ಹಾರ್ಮೋನ್ ಇಳಿದು ಕೆಲವು ವರ್ಷ ಇದು ಇನ್ನೂ ಜೋರಾಗುತ್ತದೆ. ಎಲ್ಲಿ ಕಟ್ಟಬೇಕು, ಎಷ್ಟು ಕಟ್ಟಬೇಕು ಎಂಬುದು ಬಹುಪಾಲು ಆ ಮೂಳೆಯ ಮೇಲೆ ಬೀಳುವ ಭಾರವನ್ನೇ ನೋಡಿಕೊಂಡು ನಡೆಯುತ್ತದೆ. ತೂಕವೇ ಇಲ್ಲದ ಬಾಹ್ಯಾಕಾಶದಲ್ಲಿ, ಗಟ್ಟಿಮುಟ್ಟಾದ ಗಗನಯಾತ್ರಿಗಳೂ ಸೊಂಟದ ಮೂಳೆಯಲ್ಲಿ ತಿಂಗಳಿಗೆ ಶೇ 1ರಿಂದ 1.5ರಷ್ಟು ಸಾಂದ್ರತೆ ಕಳೆದುಕೊಳ್ಳುತ್ತಾರೆ. ಊಟದಲ್ಲಿ ಕ್ಯಾಲ್ಸಿಯಂ ಇದ್ದರೂ ಅಷ್ಟೇ. ಭಾರ ಇಲ್ಲದಿದ್ದರೆ ಮೂಳೆ ನಿಲ್ಲುವುದಿಲ್ಲ.

ಅಂದರೆ ಔಷಧಿಯಿಲ್ಲದ ದಾರಿ ಅನ್ನುವುದು ಮುಖ್ಯವಾಗಿ ಭಾರದ ದಾರಿ. ಊಟ, ಬಿಸಿಲು, ಮಾತ್ರೆ ಎಲ್ಲವೂ ಅದರ ಜೊತೆಗೆ.

ಮೊದಲು: ಈ ದಾರಿ ನಿಮಗೆ ಸರಿಯಾ?

ಇದನ್ನು ದಾಟಿಕೊಂಡು ಮುಂದಕ್ಕೆ ಹೋಗಬೇಡಿ. ಸಣ್ಣದಾಗಿ ಬಿದ್ದು ಸೊಂಟವೋ ಬೆನ್ನುಮೂಳೆಯೋ ಈಗಾಗಲೇ ಮುರಿದಿದ್ದರೆ, ಟಿ-ಸ್ಕೋರ್ ಮೈನಸ್ 3ರ ಆಚೆ ಹೋಗಿದ್ದರೆ, ಅಥವಾ ತಿಂಗಳುಗಟ್ಟಲೆ ಸ್ಟೆರಾಯ್ಡ್ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ, ವ್ಯಾಯಾಮ ಮತ್ತು ಊಟ ಮಾತ್ರ ಸಾಕು ಅಂತ ಕೂರುವುದು ಸರಿಯಲ್ಲ. ಮುಂದಿನ ಮುರಿತ ಆಗುವ ಸಾಧ್ಯತೆ ಅಂಥವರಿಗೆ ತುಂಬಾ ಜಾಸ್ತಿ. ಅದನ್ನು ಬೇಗ ಇಳಿಸುವ ಶಕ್ತಿ ಔಷಧಿಗೆ ಇದೆ, ವ್ಯಾಯಾಮಕ್ಕೆ ಅಷ್ಟು ಬೇಗ ಆಗುವುದಿಲ್ಲ. ಉಳಿದವರೂ, ಅದರಲ್ಲೂ ಸವೆತದ ಗೆರೆಯ ಅಂಚಿನಲ್ಲಿ ಇರುವವರು, ಮುಂದಿನ ಹತ್ತು ವರ್ಷದಲ್ಲಿ ಮುರಿತ ಆಗುವ ಸಾಧ್ಯತೆ ಎಷ್ಟು ಅಂತ ಲೆಕ್ಕ ಹಾಕುವ ಫ್ರಾಕ್ಸ್ ಸ್ಕೋರ್ ನೋಡಿಕೊಂಡು ವೈದ್ಯರ ಜೊತೆ ಕೂತು ತೀರ್ಮಾನಿಸಬಹುದು.

ಈಗಾಗಲೇ ಔಷಧಿ ನಡೆಯುತ್ತಿದ್ದರೆ ನೀವೇ ನಿಲ್ಲಿಸಬೇಡಿ. ವಿಶೇಷವಾಗಿ ಆರು ತಿಂಗಳಿಗೊಮ್ಮೆ ಕೊಡುವ ಡೆನೊಸುಮ್ಯಾಬ್ ಇಂಜೆಕ್ಷನ್. ಅದನ್ನು ಬೇರೆ ಔಷಧಿಯ ಆಸರೆ ಇಲ್ಲದೆ ಸುಮ್ನೆ ಬಿಟ್ಟುಬಿಟ್ಟರೆ ಗಳಿಸಿದ ಸಾಂದ್ರತೆ ಬೇಗ ಕರಗಿ, ಕೆಲವರಲ್ಲಿ ಬೆನ್ನುಮೂಳೆ ಒಂದಕ್ಕಿಂತ ಹೆಚ್ಚು ಕಡೆ ಕುಸಿದಿರುವುದು ದಾಖಲಾಗಿದೆ.

ಸವೆತಕ್ಕೆ ಬೇರೆ ಕಾರಣ ಇದೆಯಾ ನೋಡಿಸಿ

ವಯಸ್ಸಾಯಿತು, ಅದಕ್ಕೇ ಅಂತ ಎಲ್ಲರೂ ಹೇಳಿಬಿಡುತ್ತಾರೆ. ಆದರೆ ಥೈರಾಯ್ಡ್ ಅತಿಯಾಗಿ ಕೆಲಸ ಮಾಡುವುದು, ಪ್ಯಾರಾಥೈರಾಯ್ಡ್ ಗ್ರಂಥಿಯ ತೊಂದರೆ, ಗೋಧಿಯ ಗ್ಲುಟೆನ್ ಒಗ್ಗದ ಸೀಲಿಯಾಕ್ ಕಾಯಿಲೆ, ಮೂತ್ರಪಿಂಡದ ಸಮಸ್ಯೆ, ಗಂಡಸರಲ್ಲಿ ಟೆಸ್ಟೊಸ್ಟೆರಾನ್ ಕಡಿಮೆಯಾಗುವುದು, ಇವೆಲ್ಲ ಒಳಗೊಳಗೇ ಮೂಳೆ ಸವೆಸುತ್ತವೆ. ಅಪಸ್ಮಾರದ ಕೆಲವು ಮಾತ್ರೆಗಳು, ಸ್ತನ ಕ್ಯಾನ್ಸರ್ ನಂತರ ಕೊಡುವ ಕೆಲವು ಮಾತ್ರೆಗಳು ಕೂಡ. ಮೂಲ ಕಾರಣ ಹಾಗೇ ಉಳಿದರೆ ನೀವು ಎಷ್ಟು ಬೆವರು ಸುರಿಸಿದರೂ ಅಂಕಿ ಮೇಲೆ ಬರುವುದಿಲ್ಲ. ಹಾಗಾಗಿ ರಕ್ತದಲ್ಲಿ ಕ್ಯಾಲ್ಸಿಯಂ, ವಿಟಮಿನ್ ಡಿ, ಥೈರಾಯ್ಡ್, ಪ್ಯಾರಾಥೈರಾಯ್ಡ್ ಹಾರ್ಮೋನ್, ಮೂತ್ರಪಿಂಡದ ಕೆಲಸ ತೋರಿಸುವ ಕ್ರಿಯಾಟಿನಿನ್ ಇಷ್ಟನ್ನಾದರೂ ನೋಡಿಸಬೇಕಾ ಅಂತ ವೈದ್ಯರನ್ನು ಕೇಳಿ. ಕೇಳುವುದಕ್ಕೆ ಸಂಕೋಚ ಬೇಡ.

ಭಾರ ಎತ್ತುವುದನ್ನು ಕಲಿಯಿರಿ

ದಿನಾ ವಾಕಿಂಗ್ ಮಾಡ್ತೀನಿ, ಸಾಕಲ್ವಾ? ಸಾಲದು. ನಡಿಗೆ ಹೃದಯಕ್ಕೆ ಒಳ್ಳೆಯದು, ಸಮತೋಲನಕ್ಕೂ ಒಳ್ಳೆಯದು, ಖಂಡಿತ ಬಿಡಬೇಡಿ. ಆದರೆ ಮೂಳೆಗೆ ಆ ಭಾರ ದಿನಾ ಪರಿಚಯದ್ದೇ, ಬೆನ್ನುಮೂಳೆಯ ಸಾಂದ್ರತೆಯನ್ನು ಅದೊಂದೇ ಏರಿಸಿದ್ದು ಕಂಡಿಲ್ಲ. ಈಜು, ಸೈಕಲ್ ಇವೂ ಅಷ್ಟೇ, ಅಲ್ಲಿ ದೇಹದ ತೂಕವನ್ನು ನೀರೋ ಸೀಟೋ ಹೊತ್ತುಕೊಂಡಿರುತ್ತದೆ.

ಈ ವಿಷಯದಲ್ಲಿ ನನಗೆ ತುಂಬಾ ಭರವಸೆ ಕೊಟ್ಟಿದ್ದು ಆಸ್ಟ್ರೇಲಿಯಾದಲ್ಲಿ ನಡೆದು 2018ರಲ್ಲಿ ಪ್ರಕಟವಾದ ಲಿಫ್ಟ್‌ಮೋರ್ ಎಂಬ ಅಧ್ಯಯನ. ಮುಟ್ಟು ನಿಂತ, ಮೂಳೆ ಸಾಂದ್ರತೆ ಕಡಿಮೆಯಿದ್ದ 101 ಹೆಂಗಸರು ಅದರಲ್ಲಿದ್ದರು, ಸರಾಸರಿ ವಯಸ್ಸು 65. ಒಂದು ಗುಂಪು ವಾರಕ್ಕೆ ಎರಡು ಸಲ, ಅರ್ಧರ್ಧ ಗಂಟೆ, ತರಬೇತುದಾರರ ಕಣ್ಣೆದುರಲ್ಲೇ ನಿಜವಾಗಿಯೂ ಭಾರವಾದ ತೂಕ ಎತ್ತಿತು. ನೆಲದಿಂದ ಭಾರ ಎತ್ತಿ ನಿಲ್ಲುವ ಡೆಡ್‌ಲಿಫ್ಟ್, ಭಾರ ಹೊತ್ತು ಕುಕ್ಕರಿಸಿ ಏಳುವ ಸ್ಕ್ವಾಟ್, ತಲೆಯ ಮೇಲಕ್ಕೆ ಭಾರ ಎತ್ತುವ ಓವರ್‌ಹೆಡ್ ಪ್ರೆಸ್, ಜೊತೆಗೆ ಕಂಬಿ ಹಿಡಿದು ಜಿಗಿದು ನೆಲಕ್ಕೆ ಇಳಿಯುವುದು. ಇನ್ನೊಂದು ಗುಂಪು ಮನೆಯಲ್ಲಿ ಹಗುರ ವ್ಯಾಯಾಮ ಮಾಡಿತು. ಎಂಟು ತಿಂಗಳ ಕೊನೆಗೆ ಭಾರ ಎತ್ತಿದವರ ಸೊಂಟದ ಮಟ್ಟದ ಬೆನ್ನುಮೂಳೆಯ ಸಾಂದ್ರತೆ ಸರಾಸರಿ ಶೇ 2.9 ಏರಿತ್ತು, ಹಗುರ ವ್ಯಾಯಾಮದವರದ್ದು ಶೇ 1.2 ಇಳಿದಿತ್ತು. ಭಾರ ಎತ್ತಿದ್ದಕ್ಕೆ ಯಾರ ಮೂಳೆಯೂ ಮುರಿಯಲಿಲ್ಲ.

ಇದನ್ನು ಓದಿ ನಾಳೆಯೇ ಜಿಮ್ಮಿಗೆ ಹೋಗಿ ದೊಡ್ಡ ಕಂಬಿಗೆ ಕೈ ಹಾಕಬೇಡಿ, ದಯವಿಟ್ಟು. ಆ ಹೆಂಗಸರೂ ಮೊದಲ ತಿಂಗಳು ಹಗುರ ತೂಕದಲ್ಲಿ ಭಂಗಿ ಕಲಿತರು. ನೀವೂ ಮೂಳೆ ಸವೆತದ ಬಗ್ಗೆ ಗೊತ್ತಿರುವ ಫಿಸಿಯೋಥೆರಪಿಸ್ಟ್ ಅಥವಾ ತರಬೇತುದಾರರ ಹತ್ತಿರ ಶುರು ಮಾಡಿ. ಸವೆತ ಇದೆ ಅಂತ ಮೊದಲೇ ಹೇಳಿ, ರಿಪೋರ್ಟ್ ತೋರಿಸಿ.

ಮೊದಲು ಕಲಿಯಬೇಕಾದದ್ದು ಬಗ್ಗುವುದು. ಬೆನ್ನಿನಿಂದ ಅಲ್ಲ, ಸೊಂಟದಿಂದ. ಮನೆಯಲ್ಲೇ ಒಂದು ಉದ್ದನೆಯ ಕೋಲು ತೆಗೆದುಕೊಳ್ಳಿ, ಪೊರಕೆ ಹಿಡಿಯಾದರೂ ಆಯಿತು. ಅದನ್ನು ಬೆನ್ನಿಗೆ ಉದ್ದಕ್ಕೆ ಹಿಡಿಯಿರಿ, ತಲೆಯ ಹಿಂಭಾಗ, ಭುಜದ ನಡುವಿನ ಬೆನ್ನು, ಕೆಳಗೆ ಬಾಲದ ಮೂಳೆ, ಈ ಮೂರೂ ಕೋಲಿಗೆ ತಾಗಿರಬೇಕು. ಮಂಡಿ ಸ್ವಲ್ಪ ಸಡಿಲ ಮಾಡಿ. ಹಿಂದೆ ಇರುವ ಬಾಗಿಲನ್ನು ಕುಂಡೆಯಿಂದ ತಳ್ಳಿ ಮುಚ್ಚುವವರಂತೆ ಸೊಂಟವನ್ನು ಹಿಂದಕ್ಕೆ ಸರಿಸುತ್ತಾ ಮುಂದಕ್ಕೆ ಬಾಗಿ. ಮೂರರಲ್ಲಿ ಒಂದು ಜಾಗ ಕೋಲು ಬಿಟ್ಟರೂ ಬೆನ್ನು ಗೂನಾಯಿತು ಅಂತಲೇ ಅರ್ಥ, ನಿಂತು ಮತ್ತೆ ಶುರು ಮಾಡಿ. ತೊಡೆಯ ಹಿಂಭಾಗ ಎಳೆದಂತಾದರೆ ಸರಿಯಾಗಿ ಮಾಡುತ್ತಿದ್ದೀರಿ. ಇದು ಒಗ್ಗಿದ ಮೇಲೇ ಕೈಗೆ ತೂಕ. ನೆಲದಿಂದ ಬಕೆಟ್ ಎತ್ತುವಾಗಲೂ ಇದೇ ಭಂಗಿ, ದಿನವಿಡೀ ಕೆಲಸಕ್ಕೆ ಬರುತ್ತದೆ.

ಜೊತೆಗೆ ಕುರ್ಚಿಯಿಂದ ಕೈ ಊರದೆ ಎದ್ದು ಕೂರುವುದು, ಗೋಡೆಗೆ ಕೈ ಕೊಟ್ಟು ಪುಷ್‌ಅಪ್, ಎಲಾಸ್ಟಿಕ್ ಪಟ್ಟಿಯನ್ನು ಎದೆಯ ಕಡೆ ಎಳೆಯುವುದು, ಒಂದು ಮೆಟ್ಟಿಲು ಹತ್ತಿ ಇಳಿಯುವುದು, ಬೋರಲು ಮಲಗಿ ಎದೆಯನ್ನು ಸ್ವಲ್ಪವೇ ಮೇಲಕ್ಕೆತ್ತುವುದು. ಒಂದೊಂದನ್ನೂ 8ರಿಂದ 12 ಸಲ ಮಾಡಿ. ಕೊನೆಯ ಎರಡು ಸಲ ಕಷ್ಟ ಅನ್ನಿಸಬೇಕು, ಆದರೆ ಭಂಗಿ ಕೆಡಬಾರದು. ಸುಲಭ ಅನ್ನಿಸಲು ಶುರುವಾದರೆ ತೂಕ ಏರಿಸಿ, ಎಲ್ಲರೂ ತಪ್ಪುವುದು ಇಲ್ಲೇ, ಒಂದೇ ಡಂಬೆಲ್ ಹಿಡಿದು ವರ್ಷಗಟ್ಟಲೆ ಅದನ್ನೇ ಎತ್ತುತ್ತಿರುತ್ತಾರೆ. ವಾರಕ್ಕೆ ಎರಡು ಮೂರು ದಿನ, ಮಧ್ಯೆ ಒಂದು ದಿನ ಬಿಡುವು. ಎತ್ತುವಾಗ ಉಸಿರು ಬಿಡಿ, ಕಟ್ಟಬೇಡಿ.

ಆಮೇಲೆ ಸಣ್ಣ ಕುಟ್ಟು. ಕುರ್ಚಿ ಹಿಡಿದು ನಿಂತು ತುದಿಗಾಲಿನಲ್ಲಿ ಏರಿ ಹಿಮ್ಮಡಿಯನ್ನು ನೆಲಕ್ಕೆ ಸ್ವಲ್ಪ ಬಿರುಸಾಗಿ ಇಳಿಸುವುದು. ಬೆನ್ನುಮೂಳೆ ಮುರಿದವರು, ಮಂಡಿನೋವು ಜೋರಾಗಿರುವವರು ಕೇಳದೆ ಮಾಡಬೇಡಿ.

ಇವನ್ನು ಬಿಡಿ

ಕಾಲು ಚಾಚಿ ಕೂತು ಬೆನ್ನು ಗೂನು ಮಾಡಿ ಪಾದ ಮುಟ್ಟುವುದು, ಮಲಗಿದಲ್ಲಿಂದ ಮೇಲೇಳುವ ಸಿಟ್‌ಅಪ್, ಭಾರ ಹಿಡಿದು ಸೊಂಟ ತಿರುಚುವುದು. ಯೋಗಾಸನದಲ್ಲೂ ಮುಂದಕ್ಕೆ ಗೂನಾಗಿ ಬಾಗುವಂಥದ್ದು, ಜೋರಾಗಿ ತಿರುಚುವಂಥದ್ದು ಬೇಡ. 1984ರಲ್ಲಿ ಪ್ರಕಟವಾದ ಒಂದು ಅಧ್ಯಯನ ಚಿಕ್ಕದು, ಆದರೆ ಕಣ್ಣು ತೆರೆಸುವಂಥದ್ದು. ಬೆನ್ನುಮೂಳೆ ಸವೆದಿದ್ದ ಹೆಂಗಸರಲ್ಲಿ ಮುಂದಕ್ಕೆ ಬಾಗುವ ವ್ಯಾಯಾಮ ಮಾಡಿದವರಲ್ಲಿ ಶೇ 89 ಮಂದಿಗೆ ಬೆನ್ನುಮೂಳೆ ಮತ್ತೆ ಕುಸಿದದ್ದು ಕಂಡಿತು, ಬೆನ್ನನ್ನು ಹಿಂದಕ್ಕೆ ಚಾಚುವ ವ್ಯಾಯಾಮ ಮಾಡಿದವರಲ್ಲಿ ಶೇ 16 ಮಂದಿಗೆ.

ಊಟದ ಲೆಕ್ಕ

ಐವತ್ತು ದಾಟಿದವರಿಗೆ ದಿನಕ್ಕೆ 1000ದಿಂದ 1200 ಮಿಲಿಗ್ರಾಂ ಕ್ಯಾಲ್ಸಿಯಂ ಬೇಕು. 240 ಮಿಲಿಲೀಟರ್‌ನ ಒಂದು ಲೋಟ ಹಾಲಿನಲ್ಲಿ ಸುಮಾರು 300 ಮಿಲಿಗ್ರಾಂ ಇರುತ್ತದೆ, ಮೊಸರಿನಲ್ಲೂ ಹೆಚ್ಚುಕಮ್ಮಿ ಅಷ್ಟೇ. ಹಾಲು ಒಗ್ಗದವರಿಗೆ ಎಳ್ಳು, ಕ್ಯಾಲ್ಸಿಯಂ ಹಾಕಿ ಗಟ್ಟಿ ಮಾಡಿದ ಟೋಫು, ಮುಳ್ಳು ಸಮೇತ ತಿನ್ನುವ ಸಣ್ಣ ಮೀನು ಇವೆ. ಪಾಲಕ್ ಸೊಪ್ಪನ್ನು ಈ ಲೆಕ್ಕಕ್ಕೆ ಹಿಡಿಯಬೇಡಿ, ಅದರಲ್ಲಿರುವ ಆಕ್ಸಲೇಟ್ ಕ್ಯಾಲ್ಸಿಯಂ ಅನ್ನು ಹಿಡಿದುಕೊಂಡುಬಿಡುತ್ತದೆ, ದೇಹಕ್ಕೆ ಸಿಗುವುದು ಶೇ 5ರ ಸುಮಾರು ಮಾತ್ರ.

ಒಂದು ದಿನ ತಿಂದದ್ದನ್ನೆಲ್ಲ ಬರೆದಿಟ್ಟು ಕೂಡಿ ನೋಡಿ. ಕೊರತೆ ಎಷ್ಟಿದೆಯೋ ಅಷ್ಟಕ್ಕೆ ಮಾತ್ರ ಮಾತ್ರೆ. ಒಂದೇ ಸಲಕ್ಕೆ 500 ಮಿಲಿಗ್ರಾಂಗಿಂತ ಜಾಸ್ತಿ ನುಂಗಿದರೆ ದೇಹ ಅದನ್ನು ಚೆನ್ನಾಗಿ ಹೀರಿಕೊಳ್ಳುವುದಿಲ್ಲ. ಕ್ಯಾಲ್ಸಿಯಂ ಕಾರ್ಬೊನೇಟ್ ಆದರೆ ಊಟದ ಜೊತೆ, ಸಿಟ್ರೇಟ್ ಆದರೆ ಯಾವಾಗ ಬೇಕಾದರೂ. ಕಿಡ್ನಿ ಕಲ್ಲು ಆಗಿದ್ದವರು ವೈದ್ಯರನ್ನು ಕೇಳಿಯೇ ತೆಗೆದುಕೊಳ್ಳಿ.

ಪ್ರೋಟೀನ್ ಬಗ್ಗೆ ಯಾರೂ ಮಾತಾಡುವುದಿಲ್ಲ, ನನಗೆ ಅದೇ ಬೇಜಾರು. ಮೂಳೆಯ ಗಾತ್ರದಲ್ಲಿ ಅರ್ಧದಷ್ಟು ಪ್ರೋಟೀನೇ, ಮತ್ತೆ ಅದನ್ನು ಎಳೆಯುವ ಮಾಂಸಖಂಡ ಕಟ್ಟಲೂ ಅದೇ ಬೇಕು. ವಯಸ್ಸಾದವರು ತೂಕದ ಪ್ರತಿ ಕಿಲೋಗೆ 1ರಿಂದ 1.2 ಗ್ರಾಂ ತಿನ್ನಬೇಕು ಅಂತ ತಜ್ಞರು ಹೇಳುತ್ತಾರೆ, 60 ಕಿಲೋ ಇದ್ದವರಿಗೆ ದಿನಕ್ಕೆ 60ರಿಂದ 72 ಗ್ರಾಂ. ಬೇಳೆಕಾಳು, ಮೊಟ್ಟೆ, ಮೀನು, ಹಾಲು, ಮಾಂಸ, ನಿಮಗೆ ಒಗ್ಗಿದ್ದು ಯಾವುದಾದರೂ ಸರಿ, ಮೂರೂ ಹೊತ್ತಿಗೆ ಹಂಚಿ ತಿನ್ನಿ. ಕಿಡ್ನಿ ಕಾಯಿಲೆ ಇದ್ದವರಿಗೆ ಈ ಲೆಕ್ಕ ಬೇರೆ. ಮತ್ತೆ ಬೇಗ ಬೇಗ ತೂಕ ಇಳಿಸುವ ಡಯೆಟ್ ಈಗ ಬೇಡ, ತೂಕದ ಜೊತೆ ಮೂಳೆಯೂ ಇಳಿಯುತ್ತದೆ.

ವಿಟಮಿನ್ ಡಿ ಕಡಿಮೆ ಇದ್ದರೆ ಸರಿಪಡಿಸಲೇಬೇಕು, ಅದಿಲ್ಲದೆ ಕ್ಯಾಲ್ಸಿಯಂ ಸರಿಯಾಗಿ ಒಳಗೆ ಸೇರುವುದಿಲ್ಲ. ರಕ್ತದಲ್ಲಿ ಮಿಲಿಲೀಟರಿಗೆ 20 ನ್ಯಾನೋಗ್ರಾಂಗಿಂತ ಕೆಳಗಿದ್ದರೆ ಕೊರತೆ ಎನ್ನುತ್ತಾರೆ. ಆದರೆ ಕೊರತೆ ಇಲ್ಲದವರು ಇನ್ನಷ್ಟು ನುಂಗಿದರೆ ಇನ್ನಷ್ಟು ಲಾಭ ಅಂತೇನಿಲ್ಲ. ಅಮೆರಿಕದಲ್ಲಿ 25 ಸಾವಿರಕ್ಕೂ ಹೆಚ್ಚು ಜನರ ಮೇಲೆ ನಡೆದ ವೈಟಲ್ ಅಧ್ಯಯನದಲ್ಲಿ, ಆರೋಗ್ಯವಾಗಿದ್ದವರಿಗೆ ದಿನಾ 2000 ಯೂನಿಟ್ ಕೊಟ್ಟರೂ ಮುರಿತ ಕಡಿಮೆಯಾಗಲಿಲ್ಲ ಎಂದು 2022ರಲ್ಲಿ ಪ್ರಕಟವಾಯಿತು. ವರ್ಷಕ್ಕೊಮ್ಮೆ ಒಂದೇ ಸಲ 5 ಲಕ್ಷ ಯೂನಿಟ್ ಕೊಟ್ಟ ಇನ್ನೊಂದು ಅಧ್ಯಯನದಲ್ಲಂತೂ ವಯಸ್ಸಾದ ಹೆಂಗಸರು ಬೀಳುವುದೂ, ಮೂಳೆ ಮುರಿಯುವುದೂ ಜಾಸ್ತಿಯಾಯಿತು.

ಸಿಗರೇಟ್ ಬಿಡಿ. ಮದ್ಯ ಬಿಟ್ಟರೆ ಒಳ್ಳೆಯದು, ಆಗದಿದ್ದರೆ ತೀರಾ ಕಡಿಮೆ ಮಾಡಿ. ಉಪ್ಪು ಜಾಸ್ತಿ ತಿಂದಷ್ಟೂ ಮೂತ್ರದಲ್ಲಿ ಕ್ಯಾಲ್ಸಿಯಂ ಜಾಸ್ತಿ ಹೋಗುತ್ತದೆ.

ಬೀಳದ ಹಾಗೆ ನೋಡಿಕೊಳ್ಳಿ

ಸೊಂಟದ ಮೂಳೆ ಮುರಿಯುವುದರಲ್ಲಿ ಹತ್ತರಲ್ಲಿ ಒಂಬತ್ತಕ್ಕೂ ಹೆಚ್ಚು ಬಿದ್ದೇ ಆಗುವಂಥದ್ದು. ಸಾಂದ್ರತೆ ಶೇ 2 ಏರಲು ತಿಂಗಳುಗಟ್ಟಲೆ ಬೇಕು, ಆದರೆ ಹಾಸಿಗೆಯಿಂದ ಬಚ್ಚಲಿನವರೆಗೆ ರಾತ್ರಿ ಒಂದು ಸಣ್ಣ ದೀಪ ಇಡುವುದು ಇವತ್ತೇ ಆಗುವ ಕೆಲಸ. ಜಾರುವ ಕಾಲೊರಸು ತೆಗೆಯಿರಿ, ಬಚ್ಚಲಲ್ಲಿ ಹಿಡಿದುಕೊಳ್ಳಲು ಒಂದು ಕಂಬಿ ಹಾಕಿಸಿ, ಸಡಿಲ ಚಪ್ಪಲಿ ಬಿಡಿ, ಕಣ್ಣು ಪರೀಕ್ಷೆ ಮಾಡಿಸಿ. ನಿದ್ದೆ ಮಾತ್ರೆ, ಕೆಲವು ಬಿಪಿ ಮಾತ್ರೆಗಳಿಂದ ಎದ್ದು ನಿಂತಾಗ ತಲೆ ತಿರುಗುತ್ತದೆ, ಹಾಗಾಗುತ್ತಿದ್ದರೆ ವೈದ್ಯರಿಗೆ ಹೇಳಿ ಬದಲಾಯಿಸಿಕೊಳ್ಳಿ. ದಿನಾ ಅಡುಗೆಕಟ್ಟೆಯ ಪಕ್ಕ ನಿಂತು, ಒಂದು ಪಾದದ ಹಿಮ್ಮಡಿ ಇನ್ನೊಂದರ ಬೆರಳಿಗೆ ತಾಗುವಂತೆ ಇಟ್ಟು ಅರ್ಧ ನಿಮಿಷ ನಿಲ್ಲಲು ನೋಡಿ. ನಿಧಾನ ಚಲನೆಯ ಚೀನೀ ವ್ಯಾಯಾಮ ತೈಚಿ ಕಲಿಸುವವರು ಸಿಕ್ಕರೆ ಇನ್ನೂ ಒಳ್ಳೆಯದು.

ಸ್ಕ್ಯಾನ್ ಮತ್ತೆ ಯಾವಾಗ?

ಒಂದರಿಂದ ಎರಡು ವರ್ಷದ ನಂತರ. ಮೂರು ತಿಂಗಳಿಗೆಲ್ಲ ಮಾಡಿಸಬೇಡಿ, ಒಂದು ಜಾಗದ ಹಳೆಯ ಮೂಳೆ ಕರಗಿ ಹೊಸದು ಕಟ್ಟಲಿಕ್ಕೇ ಹೆಚ್ಚುಕಮ್ಮಿ ಅಷ್ಟು ಸಮಯ ಬೇಕು. ಮೊದಲು ಮಾಡಿಸಿದ ಯಂತ್ರದಲ್ಲೇ ಮಾಡಿಸಿ, ಯಂತ್ರ ಬದಲಾದರೆ ಅಂಕಿ ಹೋಲಿಸಲು ಬರುವುದಿಲ್ಲ. ಶೇ 3ರೊಳಗಿನ ಏರಿಳಿತ ಅಳತೆಯ ವ್ಯತ್ಯಾಸವೂ ಆಗಿರಬಹುದು. ಹಾಗಾಗಿ ಅಂಕಿ ಇದ್ದಲ್ಲೇ ನಿಂತಿದ್ದರೆ ಬೇಜಾರಾಗಬೇಡಿ, ವರ್ಷ ವರ್ಷ ಇಳಿಯಬೇಕಿದ್ದದ್ದು ನಿಂತಿದೆ ಅಂದರೆ ಅದು ನಿಜವಾದ ಗಳಿಕೆ. ಸ್ಪಷ್ಟವಾಗಿ ಇಳಿದಿದ್ದರೆ ಮಾತ್ರ ಔಷಧಿಯ ಮಾತು ಮತ್ತೆ ತೆಗೆಯಬೇಕು, ಅದರಲ್ಲಿ ಸೋಲು ಅನ್ನುವಂಥದ್ದು ಏನೂ ಇಲ್ಲ. ಔಷಧಿ ಶುರು ಮಾಡಿದ ಮೇಲೂ ಭಾರ ಎತ್ತುವುದು ಮುಂದುವರಿಯಲಿ.

ಈ ಮಧ್ಯೆ ಆರು ತಿಂಗಳಿಗೊಮ್ಮೆ ಗೋಡೆಗೆ ಒರಗಿ ನಿಂತು ಎತ್ತರ ಅಳೆದು ಬರೆದಿಡಿ. 2 ಸೆಂಟಿಮೀಟರ್ ಅಥವಾ ಅದಕ್ಕಿಂತ ಜಾಸ್ತಿ ಕುಗ್ಗಿದ್ದರೆ ಮುಂದಿನ ಸ್ಕ್ಯಾನ್‌ವರೆಗೆ ಕಾಯಬೇಡಿ, ಬೆನ್ನಿನ ಎಕ್ಸ್‌ರೇ ತೆಗೆಸಿ. ಬೆನ್ನುಮೂಳೆ ಎಷ್ಟೋ ಸಲ ನೋವೇ ಇಲ್ಲದೆ ಕುಸಿದಿರುತ್ತದೆ.