ಹಳೆಯ ಮನೆಯನ್ನು ಹಿತ್ತಲಿನಿಂದ ನೋಡಿ

ಮಕ್ಕಳನ್ನು ನೋಡಲು ಬ್ರಿಟನ್ನಿಗೆ ಹೊರಟ ಗೆಳೆಯರು ಕೇಳುತ್ತಾರೆ: "ವೇಲ್ಸ್‌ನಲ್ಲಿ ಜಮೀನ್ದಾರರ ದೊಡ್ಡ ಮನೆಗಳಿವೆಯಂತೆ, ಅಲ್ಲಿ ಏನು ನೋಡಬೇಕು?" ಮೂವತ್ತು ವರ್ಷ ಕಟ್ಟಡಗಳ ನಕ್ಷೆ ಬರೆದವನು ನಾನು. ಮುಂಬಾಗಿಲಿಗೆ ಅವಸರ ಬೇಡ, ಮೊದಲು ಹಿತ್ತಲಿಗೆ ಹೋಗಿ ಎನ್ನುತ್ತೇನೆ. ಮುಖಭಾಗವನ್ನು ಯಜಮಾನ ನಾಲ್ಕು ಜನ ನೋಡಲಿ ಎಂದು ಕಟ್ಟಿಸಿರುತ್ತಾನೆ. ಹಿಂಬದಿಗೆ ದುಡ್ಡು ಸುರಿಯುವ ಉಮೇದು ಯಾರಿಗಿರುತ್ತದೆ? ಹಳೆಯದು ಅಲ್ಲೇ ಉಳಿದಿರುತ್ತದೆ.

ವಿಮಾನ ಹತ್ತುವ ಮುಂಚೆ ಇಲ್ಲೇ ಅಭ್ಯಾಸ ಮಾಡಿಕೊಳ್ಳಿ. ಬಸವನಗುಡಿಯ ನಮ್ಮ ಮನೆಯ ಮುಂಭಾಗಕ್ಕೆ ಅಪ್ಪ 1987ರಲ್ಲಿ ಸಿಮೆಂಟ್ ಬಳಿಸಿ, ಗ್ರಿಲ್ ಹಾಕಿಸಿದರು. ನೋಡಿದವರು ಆಗಿನ ಕಾಲದ ಮನೆ ಎಂದೇ ತಿಳಿಯುತ್ತಾರೆ. ಬಚ್ಚಲಿನ ಹಿಂದೆ ಬನ್ನಿ: ಹಂಡೆ ಒಲೆಯ ಹೊಗೆ ಕುಡಿದ ಗೋಡೆ, ಮೇಲ್ಪದರ ಉದುರಿದಲ್ಲಿ ತೆಳ್ಳನೆಯ ಇಟ್ಟಿಗೆ, ನಡುವೆ ದಪ್ಪನೆಯ ಸಂದು. ಉಗುರಿನಿಂದ ಕೆರೆದರೆ ಬಿಳಿ ಪುಡಿ ಉದುರುತ್ತದೆ. ಸುಣ್ಣದ ಗಾರೆ, ತಾತನ ಕಾಲದ್ದು. ಸಿಮೆಂಟ್ ಆಗಿದ್ದರೆ ಉಗುರು ಸವೆಯುತ್ತಿತ್ತೇ ಹೊರತು ಗೋಡೆಯಲ್ಲ. ಕೆರೆಯುವುದು ಸ್ವಂತ ಮನೆಯಲ್ಲಿ ಮಾತ್ರ; ವೇಲ್ಸ್‌ನ ಒಂದು ಮನೆಯಲ್ಲಿ ನಾನು ಗೋಡೆಗೆ ಬರಿಯ ಅಂಗೈ ಇಟ್ಟಿದ್ದಕ್ಕೇ ಒಬ್ಬ ಹಿರಿಯ ಹೆಂಗಸು ಬಂದು ನಯವಾಗಿ ಗದರಿಸಿದರು.

ಅದು ನ್ಯೂಪೋರ್ಟ್ ಬಳಿಯ ಟ್ರೆಡೆಗರ್ ಹೌಸ್. ಐನೂರು ವರ್ಷಕ್ಕೂ ಹೆಚ್ಚು ಕಾಲ ಮಾರ್ಗನ್ ಮನೆತನ ಬಾಳಿದ ಮನೆ. ಮುಂದೆ ನಿಂತರೆ ಕೆಂಪು ಇಟ್ಟಿಗೆಯ ಜಂಬ, ಬಾಗಿಲ ಎರಡೂ ಕಡೆ ಹಗ್ಗದಂತೆ ತಿರುಚಿದ ಕಂಬಗಳು. ಈ ಇಟ್ಟಿಗೆಯ ಭಾಗವನ್ನು ವಿಲಿಯಂ ಮಾರ್ಗನ್ 1664ರಿಂದ 1672ರ ನಡುವೆ ಕಟ್ಟಿಸಿದ. ಆಗ ವೇಲ್ಸ್‌ನಲ್ಲಿ ಇಟ್ಟಿಗೆ ಅಪರೂಪ. ಬಣ್ಣವೇ ಸಿರಿವಂತಿಕೆಯ ಡಂಗುರ. ಆದರೆ ಹದಿನೈದನೆಯ ಶತಮಾನದ ಕೊನೆಯಲ್ಲಿ ಕಟ್ಟಿದ ಕಲ್ಲಿನ ಭಾಗ ಇನ್ನೂ ಅಲ್ಲೇ ಇದೆ. ಇಟ್ಟಿಗೆ ಮುಗಿದು ಕಲ್ಲು ಶುರುವಾಗುವ ಗೆರೆಯನ್ನು ಹುಡುಕಿ. ನಾನು ಅರ್ಧ ಗಂಟೆ ಅಲ್ಲೇ ನಿಂತಿದ್ದೆ, ಮಗಳು ಬೇಸತ್ತು ಕಾಫಿಗೆ ಹೋದಳು.

ಆಮೇಲೆ ಮಳೆ ಯಾವ ದಿಕ್ಕಿನಿಂದ ಹೊಡೆಯುತ್ತದೆಂದು ಕೇಳಿಕೊಳ್ಳಿ. ರೆಕ್ಸ್‌ಹ್ಯಾಮ್ ಬಳಿಯ ಎರ್ಡಿಗ್ ಮನೆ 1680ರ ದಶಕದ ಇಟ್ಟಿಗೆ ಮನೆ. ಪಡುವಣ ಮುಖ ಗಾಳಿಮಳೆಗೆ ಹಾಳಾಗಿ, 1770ರ ದಶಕದಲ್ಲಿ ಅದಕ್ಕೆ ಕಲ್ಲಿನ ಹೊದಿಕೆ ಹಾಕಿದರು. ತೋಟದ ಕಡೆ ಇಟ್ಟಿಗೆ ಹಾಗೆಯೇ ಇದೆ. ಒಂದೇ ಮನೆ, ಎರಡು ಮುಖ. ನಿಮ್ಮ ಮನೆಯಲ್ಲೂ ಜೂನ್ ಮಳೆಗೆ ಎಲ್ಲಕ್ಕಿಂತ ಮೊದಲು ಪಾಚಿ ಕಟ್ಟುವ ಗೋಡೆ ಯಾವುದೆಂದು ನೋಡಿಟ್ಟುಕೊಳ್ಳಿ.

ಛಾವಣಿಗೆ ಹೆಚ್ಚು ಹೊತ್ತು ಬೇಡ. ನಮಗೆ ಮಂಗಳೂರು ಹೆಂಚು ಹೇಗೋ ಅವರಿಗೆ ಸ್ಲೇಟು ಕಲ್ಲಿನ ಬಿಲ್ಲೆ ಹಾಗೆ.

ಕಿಟಕಿಗಳನ್ನು ಮಾತ್ರ ಒಂದೊಂದಾಗಿ ಎಣಿಸಿ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 1696ರಿಂದ 1851ರವರೆಗೆ ಕಿಟಕಿಗೆ ತೆರಿಗೆ ಇತ್ತು, ಅದನ್ನು ತಪ್ಪಿಸಲು ಕೆಲವರು ಕಿಟಕಿಗಳನ್ನೇ ಮುಚ್ಚಿಸಿದರು. ಆದರೂ ಮುಚ್ಚಿದ ಕಿಟಕಿ ಕಂಡ ಕೂಡಲೇ ತೆರಿಗೆ ಎನ್ನಬೇಡಿ; ಹೊರಗಿನ ಸಾಲು ಅಂದವಾಗಿ ಕಾಣಲೆಂದು ಮೊದಲಿನಿಂದಲೂ ಕುರುಡಾಗಿಯೇ ಕಟ್ಟಿದ ಕಿಟಕಿಗಳೂ ಇರುತ್ತವೆ. ಚೌಕಟ್ಟಿನ ಒಳಗಿನ ಇಟ್ಟಿಗೆ ಸುತ್ತಲಿನ ಸಾಲಿಗೆ ಕಚ್ಚಿಕೊಂಡಿದ್ದರೆ ಹುಟ್ಟುಕುರುಡು ಇರಬಹುದು. ಬೇರೆ ಬಣ್ಣದ್ದಾಗಿ ಅಂಚಿನಲ್ಲಿ ನೇರ ಗೆರೆ ಇದ್ದರೆ ಆಮೇಲೆ ತುರುಕಿದ್ದು.

ಒಳಗೆ ಹೋದಮೇಲೆ ಹೆಜ್ಜೆ ಹಾಕಿ ಅಳೆಯಿರಿ. ಹೊರಗೆ ನಲವತ್ತು ಹೆಜ್ಜೆ ಇದ್ದದ್ದು ಒಳಗಿನ ಕೋಣೆಗಳನ್ನು ಕೂಡಿಸಿದರೆ ಮೂವತ್ತನಾಲ್ಕೇ ಆದರೆ, ಆರು ಹೆಜ್ಜೆ ಎಲ್ಲಿ ಹೋಯಿತು? ಗೋಡೆಯ ದಪ್ಪವನ್ನು ಬಾಗಿಲ ಸಂದಿನಲ್ಲಿ ಗೇಣು ಹಾಕಿ ಕಳೆಯಿರಿ. ಆಮೇಲೂ ಉಳಿದರೆ ಆಳುಗಳು ಓಡಾಡುತ್ತಿದ್ದ ಹಿಂಬದಿಯ ಮೆಟ್ಟಿಲು ಅಲ್ಲಿ ಅಡಗಿರುವ ಸಂಭವ ಹೆಚ್ಚು.

ಆಳುಗಳೆಂದಾಗ ಎರ್ಡಿಗ್‌ಗೆ ಮತ್ತೆ ಹೋಗಬೇಕು. ಅಲ್ಲಿನ ಯಾರ್ಕ್ ಮನೆತನದವರು ತಮ್ಮ ಕೆಲಸದವರ ಚಿತ್ರ ಬರೆಸಿ, ಜೊತೆಗೆ ಪದ್ಯವನ್ನೂ ಸೇರಿಸಿ ತೂಗುಹಾಕಿದ್ದಾರೆ. ಅವರಲ್ಲಿ ಜೇನ್ ಎಬ್ರೆಲ್ ಎಂಬ ಮುದುಕಿ, ಜೇಡರ ಬಲೆ ಗುಡಿಸುವವಳು. ಅವಳನ್ನು ನೋಡಿದ ಮೇಲೆ ತಲೆಯೆತ್ತಿ ಮೇಲ್ಛಾವಣಿಯ ಮೂಲೆಗಳನ್ನು ನೋಡಿ, ಎಷ್ಟು ಎತ್ತರಕ್ಕೆ ಅವಳ ಪೊರಕೆ ಹೋಗಬೇಕಿತ್ತು ಎಂದು ಲೆಕ್ಕ ಹಾಕಿ.